ಕೊಡಗಿನಿಂದ ರೈಲಿಗೆ ಬುತ್ತಿ: 40 ಜನರ ರಾತ್ರಿಯೂಟದ ಲೆಕ್ಕ

ಕೊಡಗಿನಲ್ಲಿ ರೈಲು ಹಳಿಯಿಲ್ಲ. ಮಡಿಕೇರಿಯಿಂದ ಮೈಸೂರು ನಿಲ್ದಾಣಕ್ಕೆ ಸುಮಾರು 120 ಕಿ.ಮೀ. ರಸ್ತೆ. ಹಾಗಾಗಿ ಊಟದ ಗಡಿಯಾರವನ್ನು ರೈಲು ಹೊರಡುವ ಹೊತ್ತಿನಿಂದಲ್ಲ, ಒಲೆಯಿಂದ ಪಾತ್ರೆ ಇಳಿಸಿದ ಹೊತ್ತಿನಿಂದ ಎಣಿಸಬೇಕು. ಮಧ್ಯಾಹ್ನ 2ಕ್ಕೆ ಕಟ್ಟಿದ ಊಟ ಎಲೆಗೆ ಬೀಳುವಾಗ ರಾತ್ರಿ 8 ದಾಟಿರುತ್ತದೆ.

ಅಕ್ಕಿತರಿಗೆ ಹಾಲು, ತೆಂಗಿನತುರಿ ಹಾಕಿ ಹಬೆಯಲ್ಲಿ ಬೇಯಿಸಿದ ಪಾಪುಟ್ಟು ಈ ಪಯಣಕ್ಕೆ ಬೇಡ, ಬೇಗ ಹಳಸುತ್ತದೆ. ಅಕ್ಕಿ ರೊಟ್ಟಿ, ಜೊತೆಗೆ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಹಾಕಿ ಗಟ್ಟಿಯಾಗಿಸಿದ ಪಂದಿ ಕರಿ (ಹಂದಿ ಮಾಂಸದ ಸಾರು) ಸಾಕು. ಸಸ್ಯಾಹಾರಿಗಳಿಗೆ ಕೂಮು (ಅಣಬೆ) ಕರಿ. ಅದಕ್ಕೆ ಬೇರೆ ಫ್ಲಾಸ್ಕ್, ಬೇರೆ ಸೌಟು, ಹಿಡಿಗೆ ಹಸಿರು ದಾರ.

ಸ್ಲೀಪರ್ ಅಥವಾ ತ್ರೀ ಟಯರ್ ಬೋಗಿಯ ಒಂದು ಬೇ ಎಂದರೆ 8 ಬರ್ತ್. 40 ಜನಕ್ಕೆ 5 ಬೇ, 5 ಚೀಲ. ತಲಾ 3 ರೊಟ್ಟಿಯಂತೆ ಚೀಲಕ್ಕೆ 24, ಮೇಲೆ 2: ಒಟ್ಟು 130. ಚೀಲದ ಮೇಲೆ ಬರ್ತ್ ಸಂಖ್ಯೆ ಬರೆಯಿರಿ: 1–8, 9–16, ಹೀಗೆ. ಸೀಟುಗಳು ಚದುರಿದ್ದರೆ ಬೋಗಿಗೊಂದು ಚೀಲ ಮಾಡಿ. ಒಂದೇ ದೊಡ್ಡ ಗಂಟು ಕಟ್ಟಿದರೆ ಇಕ್ಕಟ್ಟಿನ ದಾರಿಯಲ್ಲಿ ಬಡಿಸುವವರೂ ಸುಸ್ತು, ಯಾರಿಗೆ ಎಷ್ಟು ಹೋಯಿತೆಂಬ ಲೆಕ್ಕವೂ ತಪ್ಪುತ್ತದೆ.

ಬಿಸಿ ರೊಟ್ಟಿಯನ್ನು ಡಬ್ಬಿಗೆ ತುಂಬಲೇಬೇಡಿ. ಹತ್ತು ನಿಮಿಷ ಬಿಟ್ಟು ಮುಚ್ಚಳ ಎತ್ತಿದರೆ ಒಳಮೈಗೆ ಹನಿಗಳು ಸಾಲುಗಟ್ಟಿರುತ್ತವೆ. ಆ ನೀರು ತೊಟ್ಟಿಕ್ಕಿ ರೊಟ್ಟಿ ಅಂಟಂಟಾಗಿ, ಕೊನೆಗೆ ಹುಳಿ ವಾಸನೆ ಬರುತ್ತದೆ. ಬಿದಿರು ಬುಟ್ಟಿಯಲ್ಲಿ ಒಂದೊಂದಾಗಿ ಹರಡಿ ಆರಿಸಿ, ಒಣ ಬಟ್ಟೆಯಲ್ಲಿ ಸುತ್ತಿ.

ಕರಿಗೆ ನಿಯಮ ಉಲ್ಟಾ: ಕುದಿಯುತ್ತಿರುವಾಗಲೇ ತುಂಬಬೇಕು. ಚೀಲಕ್ಕೆ ಒಂದರಂತೆ 1.5 ಲೀಟರ್ ಸ್ಟೀಲ್ ಫ್ಲಾಸ್ಕ್. ತಲಾ 175 ಮಿ.ಲೀ.ನಂತೆ 1.4 ಲೀಟರ್ ಹಿಡಿಸುತ್ತದೆ. ಮೊದಲು ಕುದಿನೀರು ತುಂಬಿ 10 ನಿಮಿಷ ಇಟ್ಟು ಚೆಲ್ಲಿ. ಒಂದೇ ದೊಡ್ಡ ಫ್ಲಾಸ್ಕ್ ಪದೇ ಪದೇ ತೆರೆದರೆ ಬಿಸಿ ಹಾರಿಹೋಗುತ್ತದೆ. ಬಡಿಸುವ ಮುನ್ನ ಥರ್ಮಾಮೀಟರ್ ಅದ್ದಿ; 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಚೆಲ್ಲಿಬಿಡಿ. ಬಿಸಿ ಯಾವಾಗ ಇಳಿಯಿತೆಂದು ಯಾರಿಗೂ ಹೇಳಲಾಗದು, ರುಚಿ ನೋಡಿ ತೀರ್ಮಾನಿಸುವ ಸಂಗತಿಯೂ ಅಲ್ಲ. ಬೋಗಿಯಲ್ಲಿ ಸ್ಟವ್ ಹಚ್ಚುವುದು ಅಪರಾಧ. ಮೊಬೈಲ್ ಪ್ಲಗ್‌ಗೆ ವಿದ್ಯುತ್ ಕೆಟಲ್ ಸಿಕ್ಕಿಸುವುದಕ್ಕೂ ನಿಷೇಧವಿದೆ.

ಮರುದಿನದ ತಿಂಡಿಗೆ ಅಡುಗೆ ಒಯ್ಯಬೇಡಿ. ಬಾಳೆಹಣ್ಣು, ಕಿತ್ತಳೆ ಇರಲಿ. ಉಳಿದದ್ದನ್ನು ಪಿಎನ್‌ಆರ್ ಕೊಟ್ಟು ಐಆರ್‌ಸಿಟಿಸಿ ಇ-ಕೇಟರಿಂಗ್‌ನಲ್ಲಿ ದಾರಿಯ ನಿಲ್ದಾಣಕ್ಕೆ ತರಿಸಿಕೊಳ್ಳಿ.

ಪ್ರತಿ ಚೀಲದಲ್ಲಿ ಒಂದು ಚೀಟಿ: ಹಾಕಿದ್ದು, ಬಡಿಸಿದ್ದು, ಉಳಿದದ್ದು, ಚೆಲ್ಲಿದ್ದು. ಊಟ ಮುಗಿದ ತಕ್ಷಣ ತುಂಬಿಸಿ, ಬೆಳಿಗ್ಗೆಗೆ ಬಿಟ್ಟರೆ ಅಂದಾಜೇ ಬರುತ್ತದೆ. ಚೀಲಕ್ಕೆ 5ಕ್ಕಿಂತ ಹೆಚ್ಚು ರೊಟ್ಟಿ ಉಳಿದಿದ್ದರೆ ಮುಂದಿನ ಸಲ 22 ಹಾಕಿ.