ಡೇಟಾಬೇಸ್ ಬೆಂಚ್‌ಮಾರ್ಕ್: ತಂತ್ರಾಂಶ ಬರೆಯುವುದು, ಪರೀಕ್ಷಾ ಕ್ಲಸ್ಟರ್ ಕಟ್ಟುವುದು ಹೇಗೆ?

ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ಕರ್ಣಾಟಕ, ವಿಜಯ ಎಂಬ ಐದು ಬ್ಯಾಂಕ್‌ಗಳು ಹುಟ್ಟಿದ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಡೇಟಾಬೇಸ್ ಬೆಂಚ್‌ಮಾರ್ಕ್, ಅಂದರೆ ಡೇಟಾಬೇಸ್‌ನ ವೇಗ ಅಳೆಯುವ ಪರೀಕ್ಷೆ, ಏನೆಂದು ಹೇಳಲು ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ಈ ಅಳತೆಯ ಮಾದರಿ ಬಂದಿರುವುದೇ ಬ್ಯಾಂಕಿನ ಕೌಂಟರ್‌ನಿಂದ. 1985ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜಿಮ್ ಗ್ರೇ ಮತ್ತು ಸಂಗಡಿಗರು ಮುಂದಿಟ್ಟ ‘ಡೆಬಿಟ್‌ಕ್ರೆಡಿಟ್’ ಪರೀಕ್ಷೆಯಲ್ಲಿ ಗ್ರಾಹಕರು ಹಣ ಕಟ್ಟಿದಾಗ ಅಥವಾ ತೆಗೆದಾಗ ಅವರ ಖಾತೆ, ಟೆಲ್ಲರ್ ಮತ್ತು ಶಾಖೆ ಈ ಮೂರರ ಬಾಕಿಯೂ ಬದಲಾಗಬೇಕು, ಜೊತೆಗೆ ಹಿಂದಿನ ವ್ಯವಹಾರಗಳ ಕೋಷ್ಟಕಕ್ಕೆ ಒಂದು ಸಾಲು ಸೇರಬೇಕು. ಇಂಥ ವಹಿವಾಟುಗಳಲ್ಲಿ ಶೇ 95ರಷ್ಟು ಒಂದು ಸೆಕೆಂಡಿನೊಳಗೆ ಮುಗಿಯಬೇಕು ಎಂಬುದು ಷರತ್ತು. 1988ರಲ್ಲಿ ಸ್ಥಾಪನೆಯಾದ, ಇಂಥ ಪರೀಕ್ಷೆಗಳ ಮಾನದಂಡ ರೂಪಿಸುವ ಟಿಪಿಸಿ (ಟ್ರಾನ್ಸಾಕ್ಷನ್ ಪ್ರೊಸೆಸಿಂಗ್ ಪರ್ಫಾರ್ಮೆನ್ಸ್ ಕೌನ್ಸಿಲ್) ಸಂಸ್ಥೆ ಇದೇ ಮಾದರಿಯನ್ನು ಬಿಗಿಗೊಳಿಸಿ ಟಿಪಿಸಿ-ಬಿ ಎಂಬ ಮಾನದಂಡ ರೂಪಿಸಿತು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಜೊತೆಗೇ ಉಚಿತವಾಗಿ ಸಿಗುವ ಪಿಜಿಬೆಂಚ್ ಎಂಬ ಪರೀಕ್ಷಾ ತಂತ್ರಾಂಶ ಇಂದಿಗೂ ಮೂಲತಃ ಅದೇ ಬಗೆಯ ವಹಿವಾಟನ್ನು ನಡೆಸುತ್ತದೆ.

‘ಸೆಕೆಂಡಿಗೆ ಇಷ್ಟು ಸಾವಿರ ವಹಿವಾಟು’ ಎಂಬ ಅಂಕಿಯನ್ನು ಮಾತ್ರ ಕೊಟ್ಟರೆ ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಯಾವ ಯಂತ್ರದಲ್ಲಿ, ಯಾವ ಸಂರಚನೆಯಲ್ಲಿ, ಎಷ್ಟು ಡೇಟಾದ ಮೇಲೆ, ಯಾವ ಲಯದಲ್ಲಿ ಬಂದ ಕೋರಿಕೆಗಳಿಗೆ ಆ ಅಂಕಿ ಸಿಕ್ಕಿತು ಎಂಬುದನ್ನು ಓದಿ ಇನ್ನೊಬ್ಬರು ಅದೇ ಪರೀಕ್ಷೆಯನ್ನು ಮತ್ತೆ ಮಾಡುವಂತಿದ್ದರೆ ಮಾತ್ರ ಅದನ್ನು ಅಳತೆ ಎನ್ನಬಹುದು. ಮಣಿಪಾಲ, ಸುರತ್ಕಲ್, ನಿಟ್ಟೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಮಂಗಳೂರಿನ ಸಣ್ಣ ಸಾಫ್ಟ್‌ವೇರ್ ಕಚೇರಿಗಳವರು ಇಂಥ ಅಳತೆಯನ್ನು ದೊಡ್ಡ ಖರ್ಚಿಲ್ಲದೆ ಮಾಡಬಹುದು.

ಮೊದಲು ಯಂತ್ರಗಳು

ಒಂದೇ ಬಗೆಯ ಮೂರು ಕಂಪ್ಯೂಟರ್‌ಗಳು ಡೇಟಾಬೇಸ್ ನೋಡ್‌ಗಳಾಗಲು, ಅಂದರೆ ಒಟ್ಟಾಗಿ ಕೆಲಸ ಮಾಡುವ ಯಂತ್ರಗಳ ಗುಂಪಾದ ಕ್ಲಸ್ಟರ್‌ನ ಸದಸ್ಯರಾಗಲು ಬೇಕು. ಕೋರಿಕೆಗಳನ್ನು ಕಳುಹಿಸಲು ನಾಲ್ಕನೆಯದೊಂದು ಬೇಕು. ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್‌ಗಳಾದರೂ ಅಡ್ಡಿಯಿಲ್ಲ, ಆದರೆ ಮೂರರಲ್ಲೂ ಒಂದೇ ಮಾದರಿಯ ಪ್ರೊಸೆಸರ್, ಮೆಮೊರಿ, ಎಸ್‌ಎಸ್‌ಡಿ ಇರಲಿ. ಕೋರಿಕೆ ಕಳುಹಿಸುವ ತಂತ್ರಾಂಶವನ್ನು ಡೇಟಾಬೇಸ್ ಇರುವ ಯಂತ್ರದಲ್ಲೇ ಓಡಿಸಿದರೆ ಎರಡೂ ಒಂದೇ ಪ್ರೊಸೆಸರ್‌ಗಾಗಿ ಪೈಪೋಟಿ ನಡೆಸುತ್ತವೆ. ಒಂದೇ ಲ್ಯಾಪ್‌ಟಾಪ್‌ನಲ್ಲಿ ಮೂರು ವರ್ಚುವಲ್ ಮಷಿನ್ ಮಾಡಿಕೊಂಡರೆ ಕ್ಲಸ್ಟರ್‌ನ ಸಂರಚನೆ ಕಲಿಯಬಹುದು, ಆದರೆ ಮೂರೂ ಒಂದೇ ಡಿಸ್ಕ್‌ಗೆ ಬರೆಯುವುದರಿಂದ ವೇಗದ ಅಂಕಿಗಳನ್ನು ನಂಬುವಂತಿಲ್ಲ.

ನಾಲ್ಕೂ ಯಂತ್ರಗಳನ್ನು ವೈ-ಫೈ ಬಿಟ್ಟು ಗಿಗಾಬಿಟ್ ಸ್ವಿಚ್‌ಗೆ ಕೇಬಲ್ ಮೂಲಕ ಸೇರಿಸಿ. ಗಡಿಯಾರಗಳನ್ನು ಕ್ರೋನಿ ತಂತ್ರಾಂಶದಿಂದ ಹೊಂದಿಸಿ. ಕರಾವಳಿಯಲ್ಲಿ ಗಮನಿಸಲೇಬೇಕಾದ ಇನ್ನೊಂದು ವಿಷಯ ಸೆಕೆ: ಏಪ್ರಿಲ್, ಮೇ ತಿಂಗಳಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ಪ್ರೊಸೆಸರ್ ಮಿತಿಮೀರಿ ಬಿಸಿಯಾದರೆ ತಾನಾಗಿಯೇ ವೇಗ ತಗ್ಗಿಸುತ್ತದೆ, ಆಗ ಬೆಳಿಗ್ಗೆಯ ಅಂಕಿಗೂ ಮಧ್ಯಾಹ್ನದ ಅಂಕಿಗೂ ಹೊಂದಾಣಿಕೆ ಇರುವುದಿಲ್ಲ. ಆದ್ದರಿಂದ ಪ್ರತಿ ಓಟದಲ್ಲೂ ಪ್ರೊಸೆಸರ್‌ನ ಉಷ್ಣತೆ ಮತ್ತು ಆವರ್ತನವನ್ನು ದಾಖಲಿಸಿಕೊಳ್ಳಬೇಕು. ಗುಡುಗು, ಸಿಡಿಲಿನ ದಿನಗಳಲ್ಲಿ ಯುಪಿಎಸ್ ಇದೆಯೆಂದು ಧೈರ್ಯ ಮಾಡದೆ, ಸ್ವಿಚ್‌ನ ಕೇಬಲ್ ಸಹಿತ ಎಲ್ಲವನ್ನೂ ಕಳಚಿಡುವುದೇ ಕ್ಷೇಮ.

ಕ್ಲಸ್ಟರ್ ಜೋಡಣೆ

ಒಂದು ನೋಡ್ ಪ್ರೈಮರಿಯಾಗಿ ಎಲ್ಲ ಬರಹಗಳನ್ನೂ ಸ್ವೀಕರಿಸಲಿ, ಉಳಿದೆರಡು ಸ್ಟ್ಯಾಂಡ್‌ಬೈಗಳಾಗಿ (ಬದಲಿ ನೋಡ್‌ಗಳಾಗಿ) ಅದರ ಲಾಗ್, ಅಂದರೆ ಬದಲಾವಣೆಗಳ ದಾಖಲೆಯನ್ನು ಪಡೆಯುತ್ತಿರಲಿ. ಪೋಸ್ಟ್‌ಗ್ರೆಸ್‌ನಲ್ಲಾದರೆ ಸ್ಟ್ಯಾಂಡ್‌ಬೈಗೆ ಮೊದಲ ಪ್ರತಿಯನ್ನು ಪಿಜಿ ಬೇಸ್‌ಬ್ಯಾಕಪ್ ಎಂಬ ಸಾಧನದ ಮೂಲಕ ತೆಗೆದುಕೊಳ್ಳಬಹುದು. ಪ್ರೈಮರಿ ನಿಂತಾಗ ಇನ್ನೊಂದನ್ನು ಆ ಸ್ಥಾನಕ್ಕೆ ಏರಿಸುವ ಹೊಣೆಯನ್ನು ಪ್ಯಾಟ್ರೋನಿ ಮತ್ತು ಇಟಿಸಿಡಿ ಎಂಬ ತಂತ್ರಾಂಶಗಳು ಹೊರುತ್ತವೆ. ಇಟಿಸಿಡಿಯಲ್ಲಿ ನಿರ್ಧಾರ ಬಹುಮತದಿಂದ ಆಗುವುದರಿಂದ ಅದರ ಸದಸ್ಯರ ಸಂಖ್ಯೆ ಬೆಸವಾಗಿರುವುದು ಒಳ್ಳೆಯದು. ಮೂರಿದ್ದರೆ ಒಂದು ಕೆಟ್ಟರೂ ಕೆಲಸ ನಡೆಯುತ್ತದೆ, ನಾಲ್ಕಿದ್ದರೂ ಒಂದನ್ನೇ ತಾಳಿಕೊಳ್ಳಲು ಸಾಧ್ಯ, ಎರಡನ್ನು ತಾಳಬೇಕಾದರೆ ಐದು ಬೇಕು.

ಕಮಿಟ್ ಆಯಿತೆಂದು, ಅಂದರೆ ವಹಿವಾಟು ಕಾಯಂ ಆಗಿ ದಾಖಲಾಯಿತೆಂದು ಪ್ರೈಮರಿ ಯಾವಾಗ ಹೇಳಬೇಕು ಎಂಬ ಒಂದೇ ಆಯ್ಕೆಯಿಂದ ಇಡೀ ಫಲಿತಾಂಶ ಬದಲಾಗುತ್ತದೆ. ಡಿಸ್ಕ್‌ಗೆ ಬರೆದು ಮುಗಿಯುವ ತನಕ ಕಾಯಿಸುವ ‘ಸಿಂಕ್ರೊನಸ್ ಕಮಿಟ್’ ಆಯ್ಕೆಯನ್ನು ಪೂರ್ತಿ ಆಫ್ ಮಾಡಿದರೆ ಅಂಕಿ ಚೆನ್ನಾಗಿ ಏರುತ್ತದೆ, ಆದರೆ ಸರ್ವರ್ ಹಠಾತ್ತನೆ ನಿಂತಾಗ ‘ಆಯಿತು’ ಎಂದು ಗ್ರಾಹಕರಿಗೆ ಹೇಳಿದ ಕೊನೆಯ ಕ್ಷಣಗಳ ವಹಿವಾಟುಗಳು ಕಳೆದುಹೋಗಬಹುದು. ಆನ್ ಇಟ್ಟು, ಎರಡು ಸ್ಟ್ಯಾಂಡ್‌ಬೈಗಳಲ್ಲಿ ಯಾವುದಾದರೂ ಒಂದು ತನ್ನ ಡಿಸ್ಕ್‌ಗೆ ಬರೆದ ಬಳಿಕವೇ ಉತ್ತರ ಕೊಡುವಂತೆ ಮಾಡಿದರೆ ವೇಗ ತಗ್ಗುತ್ತದೆ, ಆದರೆ ಒಂದು ಯಂತ್ರ ಸುಟ್ಟುಹೋದರೂ ಹಣದ ಲೆಕ್ಕ ಉಳಿಯುತ್ತದೆ. ಹೀಗಾಗಿ ಈ ಆಯ್ಕೆಯನ್ನು ತಿಳಿಸದ ಬೆಂಚ್‌ಮಾರ್ಕ್ ವರದಿಯನ್ನು ಓದುವ ಅಗತ್ಯವೇ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ದೂರವನ್ನೂ ಇಲ್ಲಿಯೇ ಪರೀಕ್ಷಿಸಬಹುದು. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಮಂಗಳೂರು ಮತ್ತು ಉಡುಪಿಯ ನಡುವೆ 60 ಕಿ.ಮೀ. ಕೇಬಲ್ ಇದೆಯೆಂದು ಇಟ್ಟುಕೊಂಡರೆ ಹೋಗಿ ಬರಲು ಕನಿಷ್ಠ 0.6 ಮಿಲಿಸೆಕೆಂಡ್ ಬೇಕು. ಮಧ್ಯದ ಉಪಕರಣಗಳ ವಿಳಂಬ ಬೇರೆ. ಲಿನಕ್ಸ್‌ನ ನೆಟೆಮ್ ಸೌಲಭ್ಯದಿಂದ ಈ ವಿಳಂಬವನ್ನು ಕೃತಕವಾಗಿ ಸೇರಿಸಿ, ಸ್ಟ್ಯಾಂಡ್‌ಬೈ ಇನ್ನೊಂದು ಊರಿನಲ್ಲಿದ್ದರೆ ಕಮಿಟ್ ಎಷ್ಟು ನಿಧಾನವಾಗುತ್ತದೆ ಎಂಬುದನ್ನು ಒಂದೇ ಕೋಣೆಯಲ್ಲಿ ಕುಳಿತು ನೋಡಬಹುದು.

ಡೇಟಾ ತುಂಬುವುದು

ಪಿಜಿಬೆಂಚ್‌ನಲ್ಲಿ ಡೇಟಾದ ಗಾತ್ರವನ್ನು ‘ಸ್ಕೇಲ್’ ಎಂಬ ಸಂಖ್ಯೆಯಿಂದ ಹೇಳುತ್ತಾರೆ; ಸ್ಕೇಲ್ 1 ಎಂದರೆ 1 ಶಾಖೆ, 10 ಟೆಲ್ಲರ್, 1 ಲಕ್ಷ ಖಾತೆ. ಸ್ಕೇಲ್ 1 ಇಟ್ಟುಕೊಂಡು 50 ಗ್ರಾಹಕ ಸಂಪರ್ಕಗಳನ್ನು ತೆರೆದರೆ ಏನಾಗುತ್ತದೆ ಎಂಬುದನ್ನು ಒಮ್ಮೆ ಮಾಡಿಯೇ ನೋಡಬೇಕು. ಶಾಖೆಗಳ ಕೋಷ್ಟಕದಲ್ಲಿ ಇರುವುದು ಒಂದೇ ಸಾಲು. ಐವತ್ತೂ ಸಂಪರ್ಕಗಳು ಆ ಸಾಲಿನ ಬೀಗಕ್ಕಾಗಿ ಕಾಯುತ್ತವೆ, ಪ್ರೊಸೆಸರ್ ಬಹುಪಾಲು ಬಿಡುವಾಗಿರುತ್ತದೆ, ಆದರೂ ವೇಗ ಏರುವುದಿಲ್ಲ. ಡೇಟಾಬೇಸ್ ನಿಧಾನ ಎಂದು ಇದರಿಂದ ತೀರ್ಮಾನಿಸಿದರೆ ತಪ್ಪಾಗುತ್ತದೆ. ಸಂಪರ್ಕಗಳ ಸಂಖ್ಯೆಗಿಂತ ಸ್ಕೇಲ್ ಕಡಿಮೆ ಇರಬಾರದು. ಡಿಸ್ಕ್‌ನ ಸಾಮರ್ಥ್ಯವೂ ಲೆಕ್ಕಕ್ಕೆ ಬರಬೇಕಾದರೆ ಡೇಟಾದ ಗಾತ್ರ ಮೆಮೊರಿಗಿಂತ ದೊಡ್ಡದಿರಬೇಕು.

ಟಿಪಿಸಿ-ಬಿ ನಿಯಮದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಶೇ 85ರಷ್ಟು ವಹಿವಾಟುಗಳಲ್ಲಿ ಗ್ರಾಹಕರ ಖಾತೆ ಅದೇ ಶಾಖೆಯದ್ದು, ಉಳಿದ ಶೇ 15ರಲ್ಲಿ ಬೇರೆ ಶಾಖೆಯದ್ದು. ಉಡುಪಿ ಶಾಖೆಯಲ್ಲಿ ಖಾತೆ ಇರುವವರು ಮಂಗಳೂರಿನ ಹಂಪನಕಟ್ಟೆಯ ಕೌಂಟರ್‌ನಲ್ಲಿ ಹಣ ಕಟ್ಟಿದಂತೆ. ಡೇಟಾವನ್ನು ಶಾಖಾವಾರು ಬೇರೆ ಬೇರೆ ನೋಡ್‌ಗಳಿಗೆ ಹಂಚುವ ಕ್ಲಸ್ಟರ್‌ಗಳಲ್ಲಿ ಈ ಶೇ 15ರ ಭಾಗವೇ ನಿಜವಾದ ಪರೀಕ್ಷೆ, ಏಕೆಂದರೆ ಆಗ ಒಂದು ವಹಿವಾಟಿಗೆ ಎರಡು ನೋಡ್‌ಗಳು ಒಪ್ಪಬೇಕಾಗುತ್ತದೆ. ನಿಮ್ಮದೇ ತಂತ್ರಾಂಶ ಬರೆಯುವಾಗ ಈ ಪ್ರಮಾಣವನ್ನು ಬದಲಿಸಲು ಬರುವಂತಿರಲಿ. ಪ್ರತಿ ಓಟದಲ್ಲೂ ಅದೇ ಯಾದೃಚ್ಛಿಕ ಸಂಖ್ಯೆಗಳು ಬರುವಂತೆ ಅವುಗಳ ಸೀಡ್ (ಆರಂಭದ ಸಂಖ್ಯೆ) ಅನ್ನು ಸ್ಥಿರವಾಗಿಡಿ.

ಕೋರಿಕೆಗಳ ಲಯ

ತಂತ್ರಾಂಶದ ವಿನ್ಯಾಸದಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ. ಒಂದು ಕೋರಿಕೆ ಕಳುಹಿಸಿ, ಉತ್ತರ ಬಂದ ಮೇಲೆ ಮುಂದಿನದನ್ನು ಕಳುಹಿಸುವ ಲೂಪ್ ಬರೆಯುವುದು ಸುಲಭ, ಆದರೆ ಸರ್ವರ್ ತಡಮಾಡಿದಾಗ ಅಳೆಯುವ ತಂತ್ರಾಂಶವೂ ಸುಮ್ಮನೆ ನಿಲ್ಲುತ್ತದೆ.

ಪ್ರತಿ 10 ಮಿಲಿಸೆಕೆಂಡಿಗೊಂದರಂತೆ 100 ಸೆಕೆಂಡುಗಳಲ್ಲಿ 10,000 ಕೋರಿಕೆಗಳು ಹೋಗಬೇಕಿತ್ತು, ಸಾಮಾನ್ಯವಾಗಿ ಉತ್ತರಕ್ಕೆ 1 ಮಿಲಿಸೆಕೆಂಡ್ ಸಾಕು, ಆದರೆ ನಡುವೆ ಸರ್ವರ್ 10 ಸೆಕೆಂಡು ಸ್ತಬ್ಧವಾಯಿತು ಎಂದುಕೊಳ್ಳಿ. ಕಾಯುತ್ತ ನಿಲ್ಲುವ ಲೂಪ್‌ನಲ್ಲಿ ಸುಮಾರು 9,000 ಕೋರಿಕೆಗಳು ದಾಖಲಾಗುತ್ತವೆ, ಅವುಗಳಲ್ಲಿ ಒಂದೇ ಒಂದು ನಿಧಾನದ್ದು. 99ನೇ ಪರ್ಸೆಂಟೈಲ್, ಅಂದರೆ ಶೇ 99ರಷ್ಟು ಕೋರಿಕೆಗಳು ಮುಗಿದಿರುವ ಸಮಯದ ಮಿತಿ, 1 ಮಿಲಿಸೆಕೆಂಡ್ ಎಂದು ವರದಿ ಬರುತ್ತದೆ. ನಿಜ ಜೀವನದಲ್ಲಿ ಗ್ರಾಹಕರು ಬರುವುದನ್ನು ನಿಲ್ಲಿಸಿರುವುದಿಲ್ಲ: ಆ 10 ಸೆಕೆಂಡುಗಳಲ್ಲಿ ಇನ್ನೂ ಸಾವಿರದಷ್ಟು ಮಂದಿ ಬಂದು ಸಾಲಿನಲ್ಲಿ ನಿಂತಿರುತ್ತಾರೆ. ಅವರ ಕಾಯುವಿಕೆಯನ್ನೂ ಸೇರಿಸಿದರೆ 99ನೇ ಪರ್ಸೆಂಟೈಲ್ 9 ಸೆಕೆಂಡಿಗೂ ಹೆಚ್ಚು.

ಪರಿಹಾರ ಸರಳ. ಪ್ರತಿ ಕೋರಿಕೆ ಹೊರಡಬೇಕಾದ ಸಮಯವನ್ನು ಮುಂಚಿತವಾಗಿ ನಿಗದಿ ಮಾಡಿ, ಲೇಟೆನ್ಸಿಯನ್ನು (ಉತ್ತರ ಬರಲು ಹಿಡಿದ ಸಮಯವನ್ನು) ಅದು ನಿಜವಾಗಿ ಹೊರಟ ಕ್ಷಣದಿಂದಲ್ಲದೆ ಆ ನಿಗದಿತ ಕ್ಷಣದಿಂದ ಎಣಿಸಬೇಕು. ಪಿಜಿಬೆಂಚ್‌ನಲ್ಲಿ ಕೋರಿಕೆಗಳ ವೇಗ ನಿಗದಿಪಡಿಸುವ ರೇಟ್ ಆಯ್ಕೆ ಕೊಟ್ಟಾಗ ಅದು ಹೀಗೆಯೇ ಎಣಿಸುತ್ತದೆ. ಅವಧಿಯನ್ನು ಎಂದೂ ಹಿಂದಕ್ಕೆ ಹೋಗದ ಮಾನೊಟಾನಿಕ್ ಗಡಿಯಾರದಿಂದ ಅಳೆಯಿರಿ, ಫಲಿತಗಳನ್ನು ಹಿಸ್ಟೋಗ್ರಾಮ್ (ಯಾವ ಸಮಯದ ವ್ಯಾಪ್ತಿಯಲ್ಲಿ ಎಷ್ಟು ಕೋರಿಕೆಗಳೆಂಬ ಎಣಿಕೆ) ಆಗಿ ಉಳಿಸಿ. ಏಕಕಾಲಕ್ಕೆ ಕೋರಿಕೆ ಕಳುಹಿಸುವ ಹಲವು ಥ್ರೆಡ್‌ಗಳ ಪರ್ಸೆಂಟೈಲ್‌ಗಳ ಸರಾಸರಿ ತೆಗೆಯುವುದು ಅರ್ಥಹೀನ; ಹಿಸ್ಟೋಗ್ರಾಮ್‌ಗಳನ್ನು ಕೂಡಿಸಿ, ಆಮೇಲೆ ಪರ್ಸೆಂಟೈಲ್ ಲೆಕ್ಕ ಹಾಕಬೇಕು.

ಓಟ ಮತ್ತು ವೈಫಲ್ಯದ ಪರೀಕ್ಷೆ

ಪೋಸ್ಟ್‌ಗ್ರೆಸ್‌ನಲ್ಲಿ ಚೆಕ್‌ಪಾಯಿಂಟ್‌ನ, ಅಂದರೆ ಮೆಮೊರಿಯಲ್ಲಿರುವ ಬದಲಾವಣೆಗಳನ್ನು ಡೇಟಾ ಕಡತಗಳಿಗೆ ಬರೆಯುವ ಕೆಲಸದ ಪೂರ್ವನಿಗದಿತ ಅಂತರ 5 ನಿಮಿಷ. ಎರಡು ನಿಮಿಷದ ಓಟದಲ್ಲಿ ಅದರ ಭಾರ ಕಾಣಿಸದೇ ಹೋಗಬಹುದು, ಆದ್ದರಿಂದ ಕ್ಯಾಷ್ ಬೆಚ್ಚಗಾದ (ಪದೇ ಪದೇ ಬೇಕಾಗುವ ಡೇಟಾ ಮೆಮೊರಿಗೆ ಬಂದ) ಮೇಲೆ ಕನಿಷ್ಠ ಅರ್ಧ ಗಂಟೆ ಓಡಿಸಿ. ಪ್ರತಿ ಓಟಕ್ಕೂ ಮುನ್ನ ಡೇಟಾವನ್ನು ಮೊದಲಿನ ಸ್ಥಿತಿಗೆ ತನ್ನಿ. ಹಲವು ಓಟಗಳ ಮಧ್ಯಮ ಮೌಲ್ಯದ ಜೊತೆಗೆ ಅತಿ ಕಡಿಮೆ ಮತ್ತು ಅತಿ ಹೆಚ್ಚಿನದನ್ನೂ ಕೊಡಿ.

ಕೊನೆಗೆ, ಓಟ ನಡೆಯುತ್ತಿರುವಾಗಲೇ ಪ್ರೈಮರಿಯ ವಿದ್ಯುತ್ ಪ್ಲಗ್ ಕೀಳಬೇಕು. ಆದೇಶ ಕೊಟ್ಟು ಶಟ್‌ಡೌನ್ ಮಾಡಿದರೆ ಸರ್ವರ್ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದಿಟ್ಟು ನಿಲ್ಲುವುದರಿಂದ ಪರೀಕ್ಷೆ ಆದಂತಾಗುವುದಿಲ್ಲ. ಇದಕ್ಕಾಗಿ ಪ್ರತಿ ವಹಿವಾಟಿಗೂ ಒಂದು ಕ್ರಮಸಂಖ್ಯೆ ಕೊಟ್ಟು, ಕೋರಿಕೆ ಕಳುಹಿಸುವ ಯಂತ್ರದಲ್ಲಿ ಅದರ ಪಟ್ಟಿ ಇಟ್ಟುಕೊಂಡಿರಬೇಕು. ಹೊಸ ಪ್ರೈಮರಿ ಮೊದಲ ಬರಹವನ್ನು ಸ್ವೀಕರಿಸಿದ ತನಕದ ಸಮಯವನ್ನು ಗುರುತಿಸಿ, ಬಳಿಕ ಪಟ್ಟಿಯನ್ನು ಡೇಟಾಬೇಸ್‌ನೊಂದಿಗೆ ತಾಳೆ ನೋಡಿ. ಕಮಿಟ್ ಆಯಿತೆಂಬ ಉತ್ತರ ಬಂದವುಗಳಲ್ಲಿ ಒಂದು ಸಂಖ್ಯೆ ಕಾಣೆಯಾಗಿದ್ದರೂ ಸಂರಚನೆ ತಪ್ಪಿದೆ ಎಂದೇ ಅರ್ಥ. ಕಮಿಟ್ ಕಳುಹಿಸಿದ ಮೇಲೆ ಸಂಪರ್ಕ ಕಡಿದು ಉತ್ತರವೇ ಬಾರದ ವಹಿವಾಟುಗಳ ಗತಿ ಬೇರೆ: ಅವು ಉಳಿದಿರಲೂಬಹುದು, ಇಲ್ಲದಿರಲೂಬಹುದು. ಅವನ್ನು ಯಶಸ್ಸಿಗೂ ಸೇರಿಸದೆ, ವೈಫಲ್ಯಕ್ಕೂ ಸೇರಿಸದೆ ವರದಿಯಲ್ಲಿ ಪ್ರತ್ಯೇಕ ಸಾಲಿನಲ್ಲಿ ತೋರಿಸಬೇಕು.