ಎಸಿ ಮಾತು ಕೇಳುತ್ತಿಲ್ಲವೇ? ರಿಮೋಟ್ ಎಸೆಯುವ ಮೊದಲು ಇದನ್ನು ಓದಿ

(ದುಬೈ, ಶಾರ್ಜಾಕ್ಕೆ ಹೊಸದಾಗಿ ಬಂದ ಕುಟುಂಬಗಳಿಗೆ)

ಬೇಸಿಗೆ ಶುರುವಾಯಿತೆಂದರೆ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಹಗಲು ಶಾಲೆ ಸೀಟಿನ ಪ್ರಶ್ನೆ, ರಾತ್ರಿ ಎಸಿಯ ಪ್ರಶ್ನೆ. "ರಿಮೋಟ್ ಕೆಲಸ ಮಾಡ್ತಿಲ್ಲ, ಮಗು ಅಳ್ತಿದೆ, ಯಾರಾದ್ರೂ ಟೆಕ್ನಿಷಿಯನ್ ನಂಬರ್ ಕೊಡಿ." ನಂಬರ್ ಕೊಡುತ್ತೇವೆ, ಅದೇನೂ ಕಷ್ಟವಲ್ಲ. ಆದರೆ ಅರ್ಧಕ್ಕರ್ಧ ಸಲ ಟೆಕ್ನಿಷಿಯನ್ ಬರುವ ಅಗತ್ಯವೇ ಇರುವುದಿಲ್ಲ.

ಬೆಂಗಳೂರು, ಮೈಸೂರು ಕಡೆಯಿಂದ ಬಂದವರಲ್ಲಿ ತುಂಬಾ ಜನಕ್ಕೆ ಮನೆಯಲ್ಲಿ ಎಸಿ ಬಳಸಿ ಅಭ್ಯಾಸವಿಲ್ಲ. ಮಂಗಳೂರು, ಉಡುಪಿಯವರಿಗೆ ಸೆಕೆ ಹೊಸದಲ್ಲ, ಆದರೆ ಅಲ್ಲಿ ಫ್ಯಾನ್ ಹಾಕಿಕೊಂಡು ದಿನ ತಳ್ಳಬಹುದು. ಇಲ್ಲಿ ಜುಲೈ, ಆಗಸ್ಟ್‌ನಲ್ಲಿ ಹಗಲು 40 ಡಿಗ್ರಿ ದಾಟುತ್ತದೆ, ರಾತ್ರಿಯೂ ಬಿಸಿ ಗಾಳಿಯೇ. ಎಷ್ಟೋ ಫ್ಲ್ಯಾಟ್‌ಗಳ ಚಾವಣಿಯಲ್ಲಿ ಫ್ಯಾನ್ ಸಿಕ್ಕಿಸಲು ಒಂದು ಕೊಕ್ಕೆಯೂ ಇರುವುದಿಲ್ಲ. ಎಸಿ ನಿಂತರೆ ಗಾಬರಿಯಾಗುವುದು ಸಹಜ.

ನಾನೂ ಗಾಬರಿಯಾಗಿದ್ದೆ. ಬಂದ ಮೊದಲ ವರ್ಷ, ಗಾಳಿ ಬರುತ್ತಿದೆ, ಆದರೆ ಎಷ್ಟು ಒತ್ತಿದರೂ ವೇಗ ಜಾಸ್ತಿ ಆಗುತ್ತಿಲ್ಲ, ರೂಮು ತಣ್ಣಗಾಗುತ್ತಿಲ್ಲ. ಟೆಕ್ನಿಷಿಯನ್ ಬಂದ, ಚಪ್ಪಲಿ ಬಿಟ್ಟ, ರಿಮೋಟ್ ಇಸಿದುಕೊಂಡು ಒಂದೇ ಒಂದು ಬಟನ್ ಒತ್ತಿದ. ಪರದೆಯ ಮೇಲಿದ್ದ ನೀರಿನ ಹನಿಯ ಚಿತ್ರ ಹೋಗಿ ಹಿಮದ ಹೂವಿನ ಚಿತ್ರ ಬಂತು. ಅಷ್ಟಕ್ಕೆ 200 ದಿರ್ಹಮ್. ಅವನ ತಪ್ಪೇನಿಲ್ಲ, ಕರೆದದ್ದು ನಾನು. ಹನಿ ಎಂದರೆ ಡ್ರೈ ಮೋಡ್, ಗಾಳಿಯ ತೇವ ತೆಗೆಯುವುದಕ್ಕೆ. ಆ ಮೋಡ್‌ನಲ್ಲಿ ಬಹಳಷ್ಟು ಎಸಿಗಳು ಫ್ಯಾನ್ ವೇಗ ಬದಲಿಸಲು ಬಿಡುವುದೇ ಇಲ್ಲ. ಹಾಗಾಗಿ ಮೊದಲ ಕೆಲಸ, ರಿಮೋಟ್ ಪರದೆಯ ಚಿತ್ರ ನೋಡಿ. ನಮಗೆ ಬೇಕಾದದ್ದು ಹಿಮದ ಹೂವು. ಫ್ಯಾನ್ ರೆಕ್ಕೆ ಇದ್ದರೆ ಬರೀ ಗಾಳಿ, ಸೂರ್ಯ ಇದ್ದರೆ ಬಿಸಿ ಗಾಳಿ. ಪಕ್ಕದಲ್ಲಿ ಗಡಿಯಾರದ ಗುರುತಿದ್ದರೆ ಯಾರೋ ಟೈಮರ್ ಇಟ್ಟಿದ್ದಾರೆ. ರಾತ್ರಿ ಎರಡಕ್ಕೆ ಎಸಿ "ತಾನೇ ಆಫ್ ಆಗುವ" ಭೂತ ಬಹಳ ಸಲ ಇದೇ. ಬೀಗದ ಗುರುತಿದ್ದರೆ ಮಕ್ಕಳು ಲಾಕ್ ಮಾಡಿದ್ದಾರೆ. ತುಂಬಾ ರಿಮೋಟ್‌ಗಳಲ್ಲಿ ಪ್ಲಸ್, ಮೈನಸ್ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಬಿಡುತ್ತದೆ. ಕೆಲವಕ್ಕೆ ಬೇರೆಯೇ ಲಾಕ್ ಬಟನ್ ಇರುತ್ತದೆ.

ಟಿಂ ಎಂದಿತೇ?

ಇದೊಂದು ಪ್ರಶ್ನೆ ನೆನಪಿಟ್ಟುಕೊಂಡರೆ ಮುಕ್ಕಾಲು ಗೊಂದಲ ಮುಗಿಯಿತು. ರಿಮೋಟ್ ಒತ್ತಿದಾಗ ಎಸಿ "ಟಿಂ" ಎಂದರೆ ಮಾತು ತಲುಪಿದೆ. ಆಮೇಲೂ ತಂಪು ಬರದಿದ್ದರೆ ರಿಮೋಟ್‌ನ ತಪ್ಪಲ್ಲ, ಹೊಸ ರಿಮೋಟ್ ತರುವುದು ದಂಡ. ಟಿಂ ಅನ್ನದಿದ್ದರೆ ಮಾತ್ರ ರಿಮೋಟ್ ಕಡೆ ನೋಡಿ.

ಟಿಂ ಎಂದ ತಕ್ಷಣ ತಂಪು ಬರಬೇಕೆಂದೂ ಇಲ್ಲ. ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಕಂಪ್ರೆಸರ್ (ತಂಪು ಮಾಡುವ ಯಂತ್ರ) ಸುಮಾರು 3 ನಿಮಿಷ ಸುಮ್ಮನಿರುತ್ತದೆ. ಅದು ಅದರ ರಕ್ಷಣೆಗೆ ಇಟ್ಟ ವ್ಯವಸ್ಥೆ. ಆ ಮೂರು ನಿಮಿಷದಲ್ಲಿ ನಾವು ಇಪ್ಪತ್ತು ಸಲ ಆನ್ ಆಫ್ ಮಾಡಿರುತ್ತೇವೆ, ಅಲ್ವಾ? ಒಂದು ಟೀ ಮಾಡಿಕೊಂಡು ಬನ್ನಿ.

ಇನ್ನೊಂದು ವಿಷಯ. ಟಿವಿ ರಿಮೋಟ್ ಒಂದು ಒತ್ತಿಗೆ "ಸೌಂಡ್ ಜಾಸ್ತಿ ಮಾಡು" ಎಂದು ಒಂದೇ ಮಾತು ಹೇಳುತ್ತದೆ. ಎಸಿ ರಿಮೋಟ್ ಹಾಗಲ್ಲ. ಹೆಚ್ಚಿನವು ಪ್ರತಿ ಒತ್ತಿಗೂ ಮೋಡ್, ಡಿಗ್ರಿ, ಫ್ಯಾನ್ ವೇಗ ಎಲ್ಲವನ್ನೂ ಒಟ್ಟಿಗೆ ಕಳಿಸುತ್ತವೆ. ಕಳಿಸುವುದಷ್ಟೇ, ಎಸಿ ಕೇಳಿಸಿಕೊಂಡಿತೋ ಇಲ್ಲವೋ ರಿಮೋಟ್‌ಗೆ ಗೊತ್ತಾಗುವುದಿಲ್ಲ. ನೀವು ಸೋಫಾ ಮೇಲಿಂದ ಗೋಡೆ ಕಡೆ ತಿರುಗಿಸಿ ಒತ್ತಿದ್ದರೆ ರಿಮೋಟ್‌ನಲ್ಲಿ 22, ಎಸಿಯಲ್ಲಿ ಇನ್ನೂ 27. ಹತ್ತಿರ ಹೋಗಿ ಎದುರಿಗೆ ಹಿಡಿದು ಯಾವುದಾದರೂ ಒಂದು ಬಟನ್ ಒತ್ತಿ. ಎಲ್ಲ ಲೆಕ್ಕ ಸರಿಹೋಗುತ್ತದೆ.

ರಿಮೋಟ್ ಹಾಳಾಗಿದೆಯೇ, ಫೋನ್ ಹೇಳುತ್ತದೆ

ಕಳೆದ ಬೇಸಿಗೆಯಲ್ಲಿ ಎದುರುಮನೆಯ ಕುಂದಾಪುರದ ಅಕ್ಕ ರಿಮೋಟ್ ಹಿಡಿದುಕೊಂಡು ಬಂದರು. ಪ್ಲಾಸ್ಟಿಕ್ ಕವರ್ ಇನ್ನೂ ಬಿಚ್ಚಿಲ್ಲ, ಅದರ ಮೇಲೆ ರಬ್ಬರ್ ಬ್ಯಾಂಡ್. "ಇದ್ ಎಂತಾಯ್ತ್ ಕಾಣಿ ಮಾರಾಯ್ರೆ." ಕವರ್ ತೆಗೆಸಿದೆ. ಫೋನಿನ ಸೆಲ್ಫಿ ಕ್ಯಾಮೆರಾ ತೆರೆದು, ರಿಮೋಟ್‌ನ ಮೂತಿಯನ್ನು ಅದರ ಎದುರು ಹಿಡಿದು, ಬಟನ್ ಒತ್ತಲು ಹೇಳಿದೆ. ಕಣ್ಣಿಗೆ ಕಾಣದ ಬೆಳಕು ಕ್ಯಾಮೆರಾಗೆ ಕಾಣುತ್ತದೆ. ರಿಮೋಟ್ ಸರಿಯಿದ್ದರೆ ಫೋನಿನ ಪರದೆಯಲ್ಲಿ ನೇರಳೆ ಬಣ್ಣದ ಚುಕ್ಕಿ ಮಿನುಗಬೇಕು. ಹಿಂದಿನ ಕ್ಯಾಮೆರಾದಲ್ಲಿ ಆ ಬೆಳಕನ್ನು ತಡೆಯುವ ಗಾಜು ಇರಬಹುದು, ಅದಕ್ಕೇ ಸೆಲ್ಫಿ ಕ್ಯಾಮೆರಾ. ಎಸಿ ರಿಮೋಟ್ ಒತ್ತಿ ಹಿಡಿದರೂ ಒಂದೇ ಕ್ಷಣ ಮಿಂಚಿ ಸುಮ್ಮನಾಗುತ್ತದೆ, ಹಾಗಾಗಿ ಬಿಟ್ಟು ಬಿಟ್ಟು ಒತ್ತಬೇಕು. ಅಕ್ಕನ ರಿಮೋಟ್ ಮಿನುಗಲಿಲ್ಲ. ಪರದೆಯಲ್ಲಿ ಅಂಕಿ ಚೆನ್ನಾಗಿಯೇ ಕಾಣುತ್ತಿತ್ತು.

ಇಲ್ಲೇ ಜನ ಮೋಸ ಹೋಗುವುದು. ಪರದೆ ಬೆಳಗಲು ಸ್ವಲ್ಪ ಕರೆಂಟ್ ಸಾಕು, ಬೆಳಕು ಕಳಿಸಲು ಜಾಸ್ತಿ ಬೇಕು. ಸೆಲ್ ಸಾಯುವ ಹೊತ್ತಿಗೆ ಪರದೆ ಇರುತ್ತದೆ, ಮಾತು ಹೋಗುವುದಿಲ್ಲ. ಎರಡೂ ಸೆಲ್ ಒಟ್ಟಿಗೆ ಬದಲಿಸಿ. ಒಂದು ಹೊಸದು ಒಂದು ಹಳೆಯದು ಬೇಡ. ಚಾರ್ಜ್ ಮಾಡುವ ಸೆಲ್ 1.2 ವೋಲ್ಟ್, ಸಾಮಾನ್ಯ ಸೆಲ್ 1.5. ಕೆಲವು ರಿಮೋಟ್‌ಗಳಿಗೆ ಆ 1.2 ಸಾಲುವುದಿಲ್ಲ. ಕೆಳಗಿನ ಬಕಾಲಾದಲ್ಲಿ (ಕಿರಾಣಿ ಅಂಗಡಿ) ಸಿಗುವ ತೀರಾ ಅಗ್ಗದ ಸೆಲ್‌ಗಿಂತ ಆಲ್ಕಲೈನ್ ತೆಗೆದುಕೊಳ್ಳಿ.

ಅಕ್ಕನ ರಿಮೋಟ್‌ನ ಬೆನ್ನು ತೆಗೆದಾಗ ಸ್ಪ್ರಿಂಗ್ ಮೇಲೆ ಬಿಳಿ ಹುಡಿ ಕೂತಿತ್ತು. ಸೆಲ್ ಸೋರಿದ ಗುರುತು. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಒಂದೆರಡು ಹನಿ ನಿಂಬೆರಸದಲ್ಲಿ ಅದ್ದಿ ಆ ಸ್ಪ್ರಿಂಗನ್ನಷ್ಟೇ ಒರೆಸಿ, ಆಮೇಲೆ ಒಣ ಕಡ್ಡಿಯಿಂದ ಒರೆಸಿ, ಪೂರ್ತಿ ಒಣಗಲು ಬಿಟ್ಟು ಹೊಸ ಸೆಲ್ ಹಾಕಿದೆವು. ಚುಕ್ಕಿ ಮಿನುಗಿತು. ಆ ಹುಡಿಯನ್ನು ಬರಿಗೈಯಲ್ಲಿ ಮುಟ್ಟಿ ಕಣ್ಣು ಉಜ್ಜಬೇಡಿ, ಮಕ್ಕಳನ್ನು ದೂರ ಇಡಿ.

ಒಂದೇ ಬಟನ್ ಸತ್ತು ಮಿಕ್ಕವು ಸರಿಯಿದ್ದರೆ ಆ ಬಟನ್ನಿನ ರಬ್ಬರ್ ಅಡಿಯ ಕಪ್ಪು ಬಿಲ್ಲೆ ಕೊಳೆಯಾಗಿದೆ ಅಥವಾ ಸವೆದಿದೆ. ಬಿಚ್ಚಲು ಬಂದರೆ ಸ್ಪಿರಿಟ್‌ನಲ್ಲಿ ಒರೆಸಿ. ಬರದಿದ್ದರೆ ಸುಮ್ನೆ ಬಿಡಿ, ಸುಮಾರು 20 ದಿರ್ಹಮ್‌ಗೆ ಯೂನಿವರ್ಸಲ್ ರಿಮೋಟ್ ಸಿಗುತ್ತದೆ. ಅದನ್ನು ಎಸಿಗೆ ಹಿಡಿದು ಸೆಟ್ ಬಟನ್ ಒತ್ತಿಯೇ ಇದ್ದರೆ ಪರದೆಯಲ್ಲಿ ಕೋಡ್‌ಗಳು ಒಂದೊಂದಾಗಿ ಓಡುತ್ತವೆ. ಎಸಿ ಟಿಂ ಎಂದ ಕೂಡಲೇ ಕೈ ಬಿಡಬೇಕು. ಸಾವಿರ ಕೋಡ್‌ಗಳಿರುತ್ತವೆ, ತಾಳ್ಮೆ ಬೇಕು. ಸಿಕ್ಕ ಕೋಡನ್ನು ಒಂದು ಚೀಟಿಯಲ್ಲಿ ಬರೆದು ಸೆಲ್ ಮುಚ್ಚಳದ ಒಳಗೆ ಅಂಟಿಸಿ. ಸೆಲ್ ಬದಲಿಸಿದಾಗ ಕೆಲವು ರಿಮೋಟ್‌ಗಳು ಅದನ್ನು ಮರೆತುಬಿಡುತ್ತವೆ.

ಅಂಗಡಿಗೆ ಹೋಗುವವರೆಗೆ ಏನು ಮಾಡುವುದು? ಸ್ಪ್ಲಿಟ್ ಎಸಿಯ ಮುಂದಿನ ಮುಚ್ಚಳ ಎತ್ತಿದರೆ ಪಕ್ಕದಲ್ಲಿ ಒಂದು ಸಣ್ಣ ಬಟನ್ ಇರುತ್ತದೆ. ಒತ್ತಿದರೆ ರಿಮೋಟ್ ಇಲ್ಲದೆಯೇ ಎಸಿ ಓಡುತ್ತದೆ. ಅಂದಹಾಗೆ, ಕೆಲವು ರಿಮೋಟ್‌ಗಳಲ್ಲಿ ಐ ಫೀಲ್ ಅಥವಾ ಫಾಲೋ ಮೀ ಎಂಬ ಬಟನ್ ಇದೆ. ಅದು ಆನ್ ಇದ್ದರೆ ಎಸಿ ರೂಮಿನ ಬಿಸಿಯನ್ನು ರಿಮೋಟ್ ಇರುವ ಜಾಗದಲ್ಲಿ ಅಳೆಯುತ್ತದೆ. ರಿಮೋಟ್ ಹೊದಿಕೆಯೊಳಗೆ ಮಲಗಿದ್ದರೆ ಎಸಿ ರಾತ್ರಿಯಿಡೀ ಚಳಿ ಹಿಡಿಸುತ್ತದೆ.

ಗೋಡೆಯ ಥರ್ಮೋಸ್ಟಾಟ್

ಹಳೆಯ ಕಟ್ಟಡಗಳಲ್ಲಿ ಕಿಟಕಿ ಎಸಿ ಅಥವಾ ಸ್ಪ್ಲಿಟ್. ಹೊಸ ಟವರ್‌ಗಳಲ್ಲಿ ಹೆಚ್ಚಾಗಿ ಸೆಂಟ್ರಲ್ ಎಸಿ, ಪೈಪಿನಲ್ಲಿ ಬರುವ ತಣ್ಣೀರಿನಿಂದ ಗಾಳಿ ತಂಪು ಮಾಡುವಂಥದ್ದು. ಅಲ್ಲಿ ರಿಮೋಟ್ ಇಲ್ಲ, ಗೋಡೆಯ ಮೇಲೆ ಥರ್ಮೋಸ್ಟಾಟ್ (ಎಷ್ಟು ಡಿಗ್ರಿ ಬೇಕೆಂದು ಹೇಳುವ ಸಣ್ಣ ಪೆಟ್ಟಿಗೆ) ಇರುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಅದನ್ನು ಬಿಚ್ಚಬೇಡಿ. ಯೂಟ್ಯೂಬ್‌ನಲ್ಲಿ ಬಿಚ್ಚಿ ವೈರ್ ಬದಲಿಸುವ ವಿಡಿಯೋಗಳು ಬಹಳ ಸಲ ಅಮೆರಿಕದವು, ಅಲ್ಲಿ ಸಾಮಾನ್ಯವಾಗಿ 24 ವೋಲ್ಟ್. ಇಲ್ಲಿನ ಫ್ಲ್ಯಾಟ್‌ಗಳಲ್ಲಿ ಬಹಳಷ್ಟು ಥರ್ಮೋಸ್ಟಾಟ್‌ಗಳಿಗೆ ನೇರ 230 ವೋಲ್ಟ್ ಬರುತ್ತದೆ. ಅಲ್ಲಿಂದ ತರಿಸಿದ ಸ್ಮಾರ್ಟ್ ಥರ್ಮೋಸ್ಟಾಟ್ ಇಲ್ಲಿ ಸಿಕ್ಕಿಸಿದರೆ ಅದು ಸುಡುತ್ತದೆ, ನಿಮಗೂ ಅಪಾಯ.

ಬಿಚ್ಚದೆಯೇ ನೋಡುವುದು ಬೇಕಷ್ಟಿದೆ. ಪರದೆ ಪೂರ್ತಿ ಖಾಲಿಯಿದ್ದರೆ ಬಾಗಿಲ ಹತ್ತಿರದ ಡಿಬಿ ಬಾಕ್ಸ್ (ಬ್ರೇಕರ್‌ಗಳ ಪೆಟ್ಟಿಗೆ) ತೆರೆದು ಎಸಿಯ ಬ್ರೇಕರ್ ಕೆಳಗೆ ಬಿದ್ದಿದೆಯೇ ನೋಡಿ. ಒಂದು ಸಲ ಎತ್ತಿ. ಮತ್ತೆ ಬಿದ್ದರೆ ಎತ್ತಬೇಡಿ, ಮೆಂಟೆನೆನ್ಸ್‌ನವರನ್ನೇ ಕರೆಯಿರಿ. ಪರದೆಯಲ್ಲಿ 75 ಎಂದು ಕಂಡು ಹೆದರಿದವರಿದ್ದಾರೆ. ಅದು ಫ್ಯಾರನ್‌ಹೀಟ್, ನಮ್ಮ ಲೆಕ್ಕಕ್ಕೆ 24. ಎರಡು ಅಂಕಿ ಕಂಡರೆ ಒಂದು ರೂಮಿನ ಈಗಿನ ಬಿಸಿ, ಇನ್ನೊಂದು ನೀವು ಕೇಳಿದ್ದು. ಪ್ಲಸ್, ಮೈನಸ್ ಒತ್ತಿದಾಗ ಬದಲಾಗುವುದು ನೀವು ಕೇಳಿದ್ದು.

ಕೇಳಿದ ಅಂಕಿಯನ್ನು ರೂಮಿನ ಅಂಕಿಗಿಂತ ಎರಡು ಮೂರು ಡಿಗ್ರಿ ಇಳಿಸಿ ಕಿವಿಗೊಡಿ. ಹೆಚ್ಚಿನವುಗಳಲ್ಲಿ ಒಳಗಿಂದ "ಟಕ್" ಎಂಬ ಸಣ್ಣ ಸದ್ದು ಬರುತ್ತದೆ. ಇದು ಥರ್ಮೋಸ್ಟಾಟ್‌ನ ಟಿಂ. ಟಕ್ ಎಂದು, ಗಾಳಿಯೂ ಬಂದು, ಹತ್ತು ನಿಮಿಷವಾದರೂ ತಂಪಿಲ್ಲ ಎಂದರೆ ತೊಂದರೆ ಚಾವಣಿಯ ಒಳಗಿದೆ, ಗೋಡೆಯಲ್ಲಿಲ್ಲ. ಫಿಲ್ಟರ್‌ನಲ್ಲಿ ಮರಳು ಧೂಳು ಕಟ್ಟಿರಬಹುದು, ತಣ್ಣೀರು ಬಿಡುವ ವಾಲ್ವ್ ಸಿಕ್ಕಿಕೊಂಡಿರಬಹುದು. ಪಕ್ಕದ ಮನೆಯಲ್ಲೂ ಹೀಗೇನಾ ಎಂದು ಕೇಳಿ. ಇಡೀ ಕಟ್ಟಡಕ್ಕೇ ತಣ್ಣೀರು ಬರುತ್ತಿಲ್ಲದಿದ್ದರೆ ನಾತೂರ್‌ಗೆ ಆಗಲೇ ಗೊತ್ತಿರುತ್ತದೆ. (ನಾತೂರ್ ಎಂದರೆ ಬಿಲ್ಡಿಂಗಿನ ಕಾವಲುಗಾರ. ಈ ಪದ ಮೊದಲ ವಾರವೇ ಕಲಿಯಿರಿ.)

ಹೊಸಬರಿಗೆ ಮಾತ್ರ ಆಗುವ ಒಂದು ತೊಂದರೆ ಇದೆ. ಕೀ ಸಿಕ್ಕಿ, ಸಾಮಾನು ಇಳಿಸಿ, ಎಸಿ ಹಾಕಿದರೆ ಬರೀ ಬೆಚ್ಚಗಿನ ಗಾಳಿ. ಎಷ್ಟೋ ಟವರ್‌ಗಳಿಗೆ ತಣ್ಣೀರು ಬೇರೆ ಕಂಪನಿಯಿಂದ ಪೈಪಿನಲ್ಲಿ ಬರುತ್ತದೆ. ಕರೆಂಟಿಗೆ ಒಂದು ಖಾತೆ, ಇದಕ್ಕೆ ಇನ್ನೊಂದು ಖಾತೆ, ಬೇರೆ ಡೆಪಾಸಿಟ್. ಆ ಖಾತೆ ತೆರೆಯದಿದ್ದರೆ ಥರ್ಮೋಸ್ಟಾಟ್ ಎಷ್ಟು ಒತ್ತಿದರೂ ಉಪಯೋಗವಿಲ್ಲ. ಮನೆ ನೋಡುವಾಗಲೇ "ಚಿಲ್ಲರ್ ಫ್ರೀನಾ?" ಎಂದು ಕೇಳಿ. ಚಿಲ್ಲರ್ ಎಂದರೆ ಈ ತಣ್ಣೀರಿನ ವ್ಯವಸ್ಥೆ, ಫ್ರೀ ಎಂದರೆ ಆ ಖರ್ಚು ಮಾಲೀಕರದು.

ಥರ್ಮೋಸ್ಟಾಟ್ ತಪ್ಪು ಡಿಗ್ರಿ ತೋರಿಸುತ್ತಿದೆ ಅನಿಸಿದರೆ ಒಂದು ಸಾಮಾನ್ಯ ಥರ್ಮಾಮೀಟರನ್ನು ಅದರ ಪಕ್ಕ ಅರ್ಧ ಗಂಟೆ ಇಟ್ಟು ಹೋಲಿಸಿ. ಅದರ ಕೆಳಗೆ ದೇವರ ದೀಪ, ರೌಟರ್, ಟಿವಿ ಇದೆಯೇ, ಸಂಜೆ ಬಿಸಿಲು ನೇರ ಬೀಳುತ್ತದೆಯೇ ನೋಡಿ. ನಮ್ಮ ಪರಿಚಯದ ಒಂದು ಮನೆಯಲ್ಲಿ ದೇವರ ಮಂಟಪವನ್ನು ಎರಡು ಅಡಿ ಸರಿಸಿದ ಮೇಲೆ ಎಸಿ ಸರಿಹೋಯಿತು.

16ಕ್ಕೆ ಇಳಿಸಿದರೆ ಬೇಗ ತಂಪಾಗುತ್ತದೆ ಎಂಬ ನಂಬಿಕೆ ನಮ್ಮವರಲ್ಲಿ ಜಾಸ್ತಿ. ಸಾಮಾನ್ಯ ಎಸಿ 24ಕ್ಕೆ ಇಟ್ಟರೂ ಅಷ್ಟೇ ಜೋರಾಗಿ ಓಡುತ್ತದೆ, 16ಕ್ಕೆ ಇಟ್ಟರೆ ನಿಲ್ಲುವುದು ಮಾತ್ರ ತಡ, ಬಿಲ್ ಏರುತ್ತದೆ. ದುಬೈನ ವಿದ್ಯುತ್, ನೀರು ಇಲಾಖೆ ದೇವಾ (DEWA) ಹೇಳುವುದೂ 24. ಭಾರತದಲ್ಲೂ 2020ರ ಜನವರಿ 1ರಿಂದ ಹೊಸ ಸ್ಟಾರ್ ರೇಟಿಂಗ್ ರೂಮ್ ಎಸಿಗಳು ಆನ್ ಆದಾಗ 24ರಲ್ಲೇ ಶುರುವಾಗಬೇಕು.

ಯಾರು ದುಡ್ಡು ಕೊಡಬೇಕು?

ದುಬೈನ 2007ರ 26ನೇ ಬಾಡಿಗೆ ಕಾನೂನಿನ 16ನೇ ವಿಧಿಯ ಪ್ರಕಾರ ರಿಪೇರಿ ಮಾಲೀಕರ ಹೊಣೆ, ಒಪ್ಪಂದದಲ್ಲಿ ಬೇರೆ ಬರೆದಿರದಿದ್ದರೆ. ಆ ಕೊನೆಯ ಮಾತೇ ಮುಖ್ಯ. ಇಷ್ಟು ದಿರ್ಹಮ್‌ವರೆಗಿನ ಸಣ್ಣ ರಿಪೇರಿ ಬಾಡಿಗೆಯವರದು ಎಂಬ ಸಾಲು ಬಹಳ ಒಪ್ಪಂದಗಳಲ್ಲಿ ಇರುತ್ತದೆ. ಸಹಿ ಹಾಕುವ ಮೊದಲು ಆ ಅಂಕಿ ನೋಡಿ. ಶಾರ್ಜಾದ ಕಾನೂನು ಬೇರೆ. ಮನೆ ಕೈಗೆ ಬಂದ ದಿನ ಪ್ರತಿ ಎಸಿ ಆನ್ ಮಾಡಿ, ರಿಮೋಟ್‌ಗಳನ್ನು ಸಾಲಾಗಿ ಇಟ್ಟು ಫೋಟೋ ತೆಗೆಯಿರಿ. ಬಿಡುವಾಗ "ರಿಮೋಟ್ ಎಲ್ಲಿ?" ಎಂದು ಕೇಳುತ್ತಾರೆ. ಹಳೆಯ ರಿಮೋಟ್ ಸತ್ತರೂ ಎಸೆಯಬೇಡಿ.

ಫೋನ್ ಮಾಡುವಾಗ "ಎಸಿ ಹಾಳಾಗಿದೆ" ಎನ್ನಬೇಡಿ. ಟಿಂ ಎನ್ನುತ್ತದೆ, ಗಾಳಿ ಬರುತ್ತದೆ, ತಂಪಿಲ್ಲ, ಬ್ರೇಕರ್ ಬಿದ್ದಿಲ್ಲ, ಪಕ್ಕದ ಮನೆಯದು ಸರಿಯಿದೆ, ಹೀಗೆ ಹೇಳಿ. ಹಿಂದಿ ಸಾಕು, ಮಲಯಾಳಂ ಬಂದರೆ ಇನ್ನೂ ಒಳ್ಳೆಯದು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಟೆರೇಸಿನ ಔಟ್‌ಡೋರ್ ಯೂನಿಟ್ ನೋಡಲು ಆ ಹೊತ್ತಿಗೆ ಯಾರೂ ಬರಲಿಲ್ಲವೆಂದು ಸಿಟ್ಟಾಗಬೇಡಿ. ಮನೆಯಲ್ಲಿ ಎಳೆ ಮಗು, ವಯಸ್ಸಾದವರು ಇದ್ದರೆ ಕಾಯುತ್ತಾ ಕೂರಬೇಡಿ. ಗುಂಪಿನಲ್ಲಿ ಒಂದು ಮೆಸೇಜ್ ಹಾಕಿ, ಹತ್ತಿರದ ಯಾರದಾದರೂ ಮನೆಗೆ ಹೋಗಿ ಮಲಗಿ. ಸಂಕೋಚ ಬೇಡ, ನಾವೆಲ್ಲ ಹಾಗೆ ಮಲಗಿದವರೇ.

ಶಾಲೆಗೆ ರಜೆ ಸಿಕ್ಕಿ ಊರಿಗೆ ಹೊರಟಾಗ ರಿಮೋಟ್‌ಗಳ ಸೆಲ್ ತೆಗೆದಿಡಿ. ಕುಂದಾಪುರದ ಅಕ್ಕನ ಸೆಲ್ ಸೋರಿದ್ದು ಎರಡು ತಿಂಗಳ ರಜೆಯಲ್ಲೇ.

ಸಂಘದ ಸಾಮಾನಿನ ಕಪಾಟಿನಲ್ಲಿ ಒಂದು ಬಿಸ್ಕತ್ ಡಬ್ಬ ಇದೆ. ಊರಿಗೆ ವಾಪಸ್ ಹೋದವರು ಬಿಟ್ಟುಹೋದ ರಿಮೋಟ್‌ಗಳು ಅದರಲ್ಲಿವೆ. ನಿಮ್ಮ ಎಸಿಯ ಪಕ್ಕದಲ್ಲಿರುವ ಮಾಡೆಲ್ ನಂಬರಿನ ಫೋಟೋ ತೆಗೆದುಕೊಂಡು ಮುಂದಿನ ಸಭೆಗೆ ಬನ್ನಿ, ಹುಡುಕೋಣ. ಸೆಲ್ ಮಾತ್ರ ನೀವೇ ತನ್ನಿ.