ಇಳಿಯುವ ನೀರಿನಲ್ಲಿ ಹಾಯಿದೋಣಿಯ ಹೊಸ ಹಂಗಾಮು

ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ಮಳೆಗಾಲ ಮುಗಿಯುವ ಹೊತ್ತಿಗೆ ಲಾಲ್ ಬಹದ್ದೂರ್ ಶಾಸ್ತ್ರಿ ಸಾಗರ ಎಂಬ ಹೆಸರಿನ ಈ ಜಲಾಶಯ ಸಾಮಾನ್ಯವಾಗಿ ಇದರ ಆಸುಪಾಸಿನಲ್ಲಿ ತುಂಬಿ ನಿಂತಿರುತ್ತದೆ. ಆಮೇಲೆ ಕಾಲುವೆಗಳಿಗೂ ಊರುಗಳ ಕುಡಿಯುವ ನೀರಿಗೂ ಹರಿಯುತ್ತ, ಬಿಸಿಲಿಗೆ ಆರುತ್ತ, ಶಿವರಾತ್ರಿಯ ವೇಳೆಗೆ ಮೀಟರುಗಟ್ಟಲೆ ಕೆಳಗಿಳಿದು, ಕೊರ್ತಿ-ಕೊಲ್ಹಾರ ಸೇತುವೆಯ ಎರಡೂ ಬದಿಗೆ ಹೊಸ ದಂಡೆಗಳನ್ನು ತೋರಿಸತೊಡಗುತ್ತದೆ. ನಮ್ಮ ಹಾಯಿದೋಣಿ ಪಂದ್ಯಗಳ ಹಂಗಾಮನ್ನು ನಾವು ಆರಂಭಿಸುವುದು ಆಗಲೇ.

ನೀರು ತುಂಬಿರುವಾಗಲೇ ಏಕೆ ಇಳಿಯುವುದಿಲ್ಲ ಎಂದು ಬಾಗಲಕೋಟೆಯ ಗೆಳೆಯರು ಕೇಳುತ್ತಾರೆ. ಆಗಸ್ಟಿನಿಂದ ಅಕ್ಟೋಬರಿನವರೆಗೆ ಒಳಹರಿವು ಇರುವಾಗ ಸೆಳೆತವಿರುತ್ತದೆ, ಮರದ ದಿಮ್ಮಿಗಳು ತೇಲಿ ಬರುತ್ತವೆ, ಗಾಳಿಯೂ ಕಲಿಯುವವರ ಕೈಮೀರುವಷ್ಟಿರುತ್ತದೆ. ಚಳಿಗಾಲದಲ್ಲಿ ನಮ್ಮ ದಂಡೆಯಲ್ಲಿ ಗಾಳಿ ಸಾಲದು. ಹೋಳಿ ಹುಣ್ಣಿಮೆಯ ಸುತ್ತಮುತ್ತಲಿನಿಂದ ಭರಣಿ ಮಳೆಯವರೆಗಿನ ಅವಧಿಯೊಂದೇ ನಮಗೆ ಸರಿಹೊಂದುತ್ತದೆ. ಬಿಳಿಜೋಳದ ರಾಶಿ ಮುಗಿದಿರುತ್ತದೆ, ಪರೀಕ್ಷೆ ಮುಗಿಸಿದ ಮಕ್ಕಳು ಒಬ್ಬೊಬ್ಬರಾಗಿ ಬಂದು ಸೇರಿಕೊಳ್ಳುತ್ತಾರೆ.

ನಾನು ಹಾಯಿ ಕಟ್ಟುವುದನ್ನು ಕಲಿತದ್ದು ಸೈನ್ಯದಲ್ಲಿದ್ದಾಗ, ಬೆಂಗಳೂರಿನ ಹಲಸೂರು ಕೆರೆಯಲ್ಲಿ. ಅಲ್ಲಿ ನೀರಿನ ಆಳದ ಬಗ್ಗೆ ನಾವು ಯೋಚಿಸುತ್ತಿರಲಿಲ್ಲ. ಇವತ್ತಿನ ಕೆರೆಯೇ ನಾಳೆಯ ಕೆರೆ. ನಿವೃತ್ತನಾಗಿ ನವನಗರಕ್ಕೆ ಬಂದು, ಒಪ್ಪಿಗೆ ಪಡೆದು, ಹಿನ್ನೀರಿನಲ್ಲಿ ಒಬ್ಬರೇ ನಡೆಸುವ 'ಲೇಸರ್' ಎಂಬ ಮಾದರಿಯ ಹಳೆಯ ಹಾಯಿದೋಣಿಗಳನ್ನಿಟ್ಟುಕೊಂಡು ಹುಡುಗರಿಗೆ ಕಲಿಸತೊಡಗಿದ ಮೇಲೆ ಸ್ಪಷ್ಟವಾದ ಸಂಗತಿಯೆಂದರೆ, ಇಳಿಯುವ ಜಲಾಶಯದಲ್ಲಿ ಪ್ರತಿ ವರ್ಷವಷ್ಟೇ ಅಲ್ಲ, ಪ್ರತಿ ವಾರವೂ ಪಂದ್ಯದ ಅಂಗಳ ಬದಲಾಗುತ್ತದೆ ಮತ್ತು ಹಂಗಾಮಿನ ತಯಾರಿಯಲ್ಲಿ ಮುಕ್ಕಾಲು ಪಾಲು ಆ ಅಂಗಳವನ್ನು ಅರಿಯುವುದರಲ್ಲೇ ಕಳೆಯಬೇಕು.

ನಮ್ಮ ನೀರಿನ ಕೆಳಗೆ ಊರುಗಳಿವೆ. ಹಳೆಯ ಕೊಲ್ಹಾರದ ಭಾಗಗಳು, ಹೊಲದ ಬದುಗಳು, ಬಾವಿಗಳ ಕಟ್ಟೆಗಳು, ಜಾಲಿಗಿಡಗಳ ಬೊಡ್ಡೆಗಳು ಎಲ್ಲವೂ ಇವೆ. ಲೇಸರ್ ದೋಣಿಯ ಡ್ಯಾಗರ್‌ಬೋರ್ಡ್, ಎಂದರೆ ದೋಣಿ ಪಕ್ಕಕ್ಕೆ ಜಾರದಂತೆ ತಳದಿಂದ ಕೆಳಗಿಳಿಯುವ ಹಲಗೆ, ನೀರಿನೊಳಗೆ ಸುಮಾರು 0.8 ಮೀಟರ್ ಇಳಿದಿರುತ್ತದೆ. ವೇಗದಲ್ಲಿ ಅದು ಗೋಡೆಗೆ ಬಡಿದರೆ ಹಲಗೆ ಮುರಿಯುವುದಷ್ಟೇ ಅಲ್ಲ, ಅದು ಕೂರುವ ಗೂಡೂ ಬಿರಿಯುತ್ತದೆ.

ಆದ್ದರಿಂದ ನಾನು ಒಂದು ದಪ್ಪ ನೋಟ್‌ಬುಕ್ ಇಟ್ಟಿದ್ದೇನೆ. ಅದರಲ್ಲಿ ಯಾವ ಅಡೆತಡೆಯನ್ನೂ 'ಇಷ್ಟು ಆಳದಲ್ಲಿದೆ' ಎಂದು ಬರೆಯುವುದಿಲ್ಲ, ಏಕೆಂದರೆ ಆ ಅಂಕಿ ಮುಂದಿನ ವಾರಕ್ಕೇ ಸುಳ್ಳಾಗುತ್ತದೆ. ಗೋಡೆಯ ತುದಿ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂದು ಬರೆಯುತ್ತೇನೆ. ಜಲಾಶಯದ ಮಟ್ಟ ದಿನವೂ ಪ್ರಕಟವಾಗುತ್ತದೆ; ಅಣೆಕಟ್ಟೆಯ ಬಳಿ ಅಳೆದ ಆ ಅಂಕಿಯೇ ವಸಂತದಲ್ಲಿ ನಮ್ಮ ದಂಡೆಗೂ ಹೊಂದುತ್ತದೆ, ಏಕೆಂದರೆ ಒಳಹರಿವು ಇಲ್ಲದಿರುವಾಗ ಹಿನ್ನೀರು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಂತಿರುತ್ತದೆ. ಒಂದು ಗೋಡೆಯ ತುದಿ 513.8 ಮೀಟರಿನಲ್ಲಿದೆ ಎಂದುಕೊಳ್ಳಿ. ಅದಕ್ಕೆ ಹಲಗೆಯ 0.8 ಮೀಟರ್ ಸೇರಿಸಿ, ಅಲೆಗೂ ಅಂದಾಜಿನ ತಪ್ಪಿಗೂ ಒಂದು ಮೀಟರ್ ಸೇರಿಸಿದರೆ 515.6 ಆಗುತ್ತದೆ. ಮಟ್ಟ ಅದಕ್ಕಿಂತ ಕೆಳಗಿಳಿದ ದಿನ ಆ ಜಾಗ ನಮ್ಮ ಪಾಲಿಗೆ ಮುಚ್ಚಿದಂತೆ. ಬೆಳಿಗ್ಗೆ ಅಂಕಿ ನೋಡಿ, ನೋಟ್‌ಬುಕ್ ತೆರೆದು, ಯಾವ ಯಾವ ಜಾಗ ಮುಚ್ಚಿದೆಯೆಂದು ನಕ್ಷೆಯ ಮೇಲೆ ಸೀಸದಕಡ್ಡಿಯಿಂದ ಗೀಟು ಹಾಕಲು ಸ್ವಲ್ಪವೇ ಹೊತ್ತು ಸಾಕು. ಯಾವ ಉಪಕರಣಕ್ಕಿಂತಲೂ ಈ ಪದ್ಧತಿ ನನಗೆ ಹೆಚ್ಚು ನೆರವಾಗಿದೆ.

ಮೊದಲ ನಕ್ಷೆಗೆ ಮೀನುಗಾರರೇ ಆಧಾರ. ದಿನವೂ ಬಲೆ ಬೀಸುವ ಹಿರಿಯರೊಬ್ಬರನ್ನು ತೆಪ್ಪದಲ್ಲಿ ಜೊತೆಗೆ ಕೂರಿಸಿಕೊಂಡು ಹೋಗಿದ್ದೆ. "ಸಾಹೇಬ್ರ, ಅಲ್ಲಿ ಹಳೇ ಕಟ್ಟಿ ಐತ್ರಿ, ಅದರ ಬಾಜೂಕ ಎರಡ ಜಾಲಿಗಿಡ ಅದಾವು. ಮ್ಯಾಲಿಂದ ಏನೂ ಕಾಣಂಗಿಲ್ಲ, ಆದ್ರ ಬಲಿ ಹರೀತಾವ" ಎಂದು ಅವರು ಬೆರಳು ತೋರಿಸಿದ ಕಡೆಯೆಲ್ಲ ನಾನು ಕಬ್ಬಿಣದ ಗುಂಡು ಕಟ್ಟಿದ, ಅರ್ಧ ಮೀಟರಿಗೊಂದು ಗುರುತಿದ್ದ ಹಗ್ಗವನ್ನು ಇಳಿಬಿಟ್ಟೆ. ಕಾಕಾ ಹೇಳಿದ್ದು ಒಂದೂ ಹುಸಿಯಾಗಲಿಲ್ಲ. ಅದಕ್ಕೆ ಪ್ರತಿಯಾಗಿ ನಾವು ಪಾಲಿಸುವ ನಿಯಮವೂ ಉಂಟು: ಬಲೆ ಹಾಕಿರುವ ನೀರಿನಲ್ಲಿ ಪಂದ್ಯವಿಲ್ಲ, ಬೆಳಗಿನ ಬಲೆಗಳನ್ನು ಎತ್ತುವವರೆಗೆ ದೋಣಿ ಇಳಿಸುವಂತಿಲ್ಲ. ಹಿನ್ನೀರಿನ ಮೇಲೆ ಮೊದಲ ಹಕ್ಕು ಅದರಿಂದ ಹೊಟ್ಟೆ ಹೊರೆಯುವವರದು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಆಳದ ವಿಷಯದಲ್ಲಿ ಡ್ಯಾಗರ್‌ಬೋರ್ಡಿಗಿಂತ ಹೆಚ್ಚು ಯೋಚಿಸಬೇಕಾದದ್ದು ಹಾಯಿಕಂಬದ ಬಗ್ಗೆ. ದೋಣಿ ಮಗುಚಿ ಪೂರ್ತಿ ತಲೆಕೆಳಗಾದರೆ ಸುಮಾರು 6 ಮೀಟರ್ ಉದ್ದದ ಕಂಬ ನೇರವಾಗಿ ಕೆಳಕ್ಕೆ ಚಾಚುತ್ತದೆ. ಕಡಿಮೆ ಆಳವಿದ್ದರೆ ಅದರ ತುದಿ ಎರೆಮಣ್ಣಿನ ಕೆಸರಿನಲ್ಲಿ ನಾಟಿಕೊಳ್ಳುತ್ತದೆ. ಎಳೆಯಲು ಹೋದರೆ ಕಂಬ ಬಾಗುತ್ತದೆ, ಬಿಟ್ಟರೆ ದೋಣಿ ಏಳುವುದಿಲ್ಲ. ಕಲಿಯುವವರು ಮಗುಚಿಯೇ ಮಗುಚುತ್ತಾರೆ. ಆದ್ದರಿಂದ ಪಂದ್ಯದ ಅಂಗಳದಲ್ಲಿ ಕನಿಷ್ಠ 7 ಮೀಟರ್ ಆಳ ಬೇಕೆಂದು ನಿರ್ಧರಿಸಿದೆ. ನೀರು ಇಳಿದಂತೆ ಅಷ್ಟು ಆಳ ಉಳಿಯುವುದು ಕೃಷ್ಣೆಯ ಹಳೆಯ ಪಾತ್ರದ ಮೇಲೆ ಮಾತ್ರ. ಆ ಪಾತ್ರ ನಮ್ಮ ಕಡೆ ಬಹುಪಾಲು ಪಶ್ಚಿಮದಿಂದ ಪೂರ್ವಕ್ಕೆ ಸಾಗುತ್ತದೆ, ಏಪ್ರಿಲ್ ಮಧ್ಯಾಹ್ನದ ಗಾಳಿಯೂ ಹೆಚ್ಚಾಗಿ ಪಶ್ಚಿಮದಿಂದಲೇ ಬೀಸುತ್ತದೆ. ಹೀಗಾಗಿ ಗಾಳಿಗೆದುರಾಗಿ ಸಾಗುವ ಮೊದಲ ಹಂತವನ್ನು ನದಿಯ ಪಾತ್ರದ ಉದ್ದಕ್ಕೇ ಹಾಕಲು ಸಾಧ್ಯವಾಗಿದೆ. ಅಂಗಳ ಇಕ್ಕಟ್ಟಾದದ್ದರಿಂದ ಹುಡುಗರು ಹೆಚ್ಚು ಸಲ ಟ್ಯಾಕ್ ಮಾಡಬೇಕಾಗುತ್ತದೆ, ಎಂದರೆ ದೋಣಿಯ ಮೂತಿಯನ್ನು ಗಾಳಿಯ ಇನ್ನೊಂದು ಬದಿಗೆ ತಿರುಗಿಸಬೇಕಾಗುತ್ತದೆ. ಕಲಿಕೆಯ ದೃಷ್ಟಿಯಿಂದ ಇದು ಒಳ್ಳೆಯದೇ.

ದೋಣಿಗಳ ತಯಾರಿಯನ್ನು ಚಿಕ್ಕದಾಗಿ ಹೇಳುತ್ತೇನೆ. ಇಲ್ಲಿಯ ಬಿಸಿಲು ಫೈಬರ್ ಒಡಲಿಗೂ ಪಾಲಿಯೆಸ್ಟರ್ ಹಾಯಿಗೂ ಶತ್ರು, ಎರೆಮಣ್ಣು ರಾಟೆಗಳಿಗೆ ಶತ್ರು. ಮೊದಲು ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆದು ರಾಟೆಗಳು ಸಲೀಸಾಗಿ ತಿರುಗುತ್ತವೆಯೇ ಎಂದು ನೋಡುತ್ತೇವೆ. ಕಂಬ ಕೂರುವ ಗುಂಡಿಗೆ ನೀರು ಸುರಿದು ಸ್ವಲ್ಪ ಹೊತ್ತು ಬಿಡುತ್ತೇವೆ. ನೀರು ತಾನಾಗಿ ಇಳಿದರೆ ಗುಂಡಿಯ ತಳದಲ್ಲಿ ಬಿರುಕಿದೆ ಎಂದು ಅರ್ಥ, ಅಂಥ ದೋಣಿ ದುರಸ್ತಿಯಾಗದೆ ನೀರಿಗೆ ಇಳಿಯಕೂಡದು. ಒಡಲಿನ ಬಿರಡೆ ತೆಗೆದು ಬಾಯಿಂದ ಮೆಲ್ಲಗೆ ಗಾಳಿ ಊದಿ, ಅಂಚುಗಳಿಗೆ ಸಾಬೂನು ನೀರು ಹಚ್ಚಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಪಂಪಿನಿಂದ ಜೋರಾಗಿ ಊದಿದರೆ ಅಂಚೇ ಬಿಟ್ಟುಕೊಳ್ಳಬಹುದು. ಲೇಸರ್ ಕಂಬ ಎರಡು ತುಂಡಿನದು. ಮೇಲಿನ ತುಂಡಿನ ರಿವೆಟ್ ಸುತ್ತ ಕೂದಲೆಳೆಯ ಬಿರುಕನ್ನೂ ಕಡೆಗಣಿಸಬಾರದು.

ಇನ್ನೊಂದು ಎಚ್ಚರಿಕೆ ನಮ್ಮ ನೀರಿಗೇ ವಿಶೇಷವಾದದ್ದು. ನೀರು ಹಿಂದೆ ಸರಿದಂತೆಲ್ಲ ರೈತರು ಪಂಪ್‌ಸೆಟ್ಟುಗಳನ್ನು ಮುಂದಕ್ಕೆ ಒಯ್ದು, ಪೈಪು ಜೋಡಿಸಿ, ಕಟ್ಟಿಗೆಯ ಕಂಬಗಳ ಮೇಲೆ ವಿದ್ಯುತ್ ತಂತಿ ಎಳೆಯುತ್ತಾರೆ. ಹೋದ ವಾರ ಬಯಲಾಗಿದ್ದ ದಾರಿಯಲ್ಲಿ ಈ ವಾರ ತಂತಿ ಇರುತ್ತದೆ. ಅಲ್ಯೂಮಿನಿಯಂ ಕಂಬ ನಿಲ್ಲಿಸಿದ ದೋಣಿಯನ್ನು ತಳ್ಳಿಕೊಂಡು ಹೋಗುವುದು ಜೀವಕ್ಕೆ ಅಪಾಯ. ದಂಡೆಯ ಉದ್ದಕ್ಕೂ ಒಮ್ಮೆ ನಡೆದು ನೋಡಿದ ಮೇಲೆ, ನೀರಿನ ಅಂಚಿನಲ್ಲಿಯೇ ಕಂಬ ನಿಲ್ಲಿಸುವುದು ನಮ್ಮಲ್ಲಿ ಕಡ್ಡಾಯ.

ಗಾಳಿಯ ಲೆಕ್ಕಕ್ಕೆ ಬರುತ್ತೇನೆ. ಮಾರ್ಚಿನಲ್ಲಿ ಬೆಳಿಗ್ಗೆ ಗಾಳಿ ಮಂದವಾಗಿರುತ್ತದೆ, ದಿಕ್ಕೂ ನಿಲ್ಲುವುದಿಲ್ಲ. ಹೊಸಬರಿಗೆ 4.7 ಚದರ ಮೀಟರಿನ ಚಿಕ್ಕ ಹಾಯಿ ಕಟ್ಟಿ ಚುಕ್ಕಾಣಿ ಹಿಡಿಯುವುದನ್ನು ಕಲಿಸಲು ಈ ಹೊತ್ತು ಹೇಳಿ ಮಾಡಿಸಿದಂತಿರುತ್ತದೆ. ಅದೇ ಒಡಲಿಗೆ 5.76 ಅಥವಾ 7.06 ಚದರ ಮೀಟರಿನ ಹಾಯಿಯನ್ನೂ ಕಟ್ಟಬಹುದಾದದ್ದರಿಂದ ತೂಕದವರಿಗೂ ತೊಂದರೆಯಿಲ್ಲ. ಮಧ್ಯಾಹ್ನ ನೆಲ ಕಾದ ಮೇಲೆ ಗಾಳಿ ಏಳುತ್ತದೆ. ಆರರಿಂದ ಹತ್ತು ನಾಟ್, ಎಂದರೆ ಗಂಟೆಗೆ ಸುಮಾರು 11ರಿಂದ 18 ಕಿಲೋಮೀಟರ್ ವೇಗದ ಗಾಳಿ ನಮ್ಮ ಪಂದ್ಯಕ್ಕೆ ಸಾಕು. ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ ಮಳೆ ಹುಟ್ಟಿದ ಮೇಲೆ ಮಾತ್ರ ಆಕಾಶದ ಮೇಲೆ ಕಣ್ಣಿಡಬೇಕು. ಮಧ್ಯಾಹ್ನದ ಮೋಡ ಗೋಪುರವಾಗಿ ಬೆಳೆದು ಕಪ್ಪಿಟ್ಟರೆ, ಹನಿ ಬೀಳುವ ಮೊದಲೇ ತಣ್ಣನೆಯ ಬಿರುಗಾಳಿ ನೀರಿನ ಮೇಲೆ ಅಪ್ಪಳಿಸುತ್ತದೆ. ಲೇಸರಿನ ಹಾಯಿ ತೋಳಿನಂತೆ ಕಂಬಕ್ಕೆ ತೊಡಿಸಿದ್ದು, ನೀರಿನ ನಡುವೆ ಸರಕ್ಕನೆ ಇಳಿಸಲು ಬರುವುದಿಲ್ಲ. ಆದ್ದರಿಂದ ಬಿರುಗಾಳಿಗೆ ಮೊದಲೇ ದಂಡೆ ಸೇರುವುದೊಂದೇ ದಾರಿ. ಸಿಡಿಲಿನ ಮುನ್ಸೂಚನೆಗೆ ಪುಣೆಯ ಹವಾಮಾನ ಸಂಸ್ಥೆ ರೂಪಿಸಿದ 'ದಾಮಿನಿ' ಆ್ಯಪ್ ನೋಡುತ್ತೇವೆ, ಗುಡುಗು ಕೇಳಿಸಿದರೆ ಆ್ಯಪ್ ಏನೇ ಹೇಳಲಿ, ಪಂದ್ಯ ಅಲ್ಲಿಗೆ ರದ್ದು. ಲೈಫ್ ಜಾಕೆಟ್ ಇಲ್ಲದೆ ಯಾರೂ, ಈಜಿನಲ್ಲಿ ಪಳಗಿದ ಮೀನುಗಾರರ ಮಕ್ಕಳೂ, ದೋಣಿ ಮುಟ್ಟುವಂತಿಲ್ಲ.

ಹಂಗಾಮಿನ ಮೊದಲ ವಾರಗಳಲ್ಲಿ ನಾನು ಪೂರ್ಣ ಪಂದ್ಯ ನಡೆಸುವುದಿಲ್ಲ, ಆರಂಭವನ್ನೇ ಮತ್ತೆ ಮತ್ತೆ ಮಾಡಿಸುತ್ತೇನೆ. ಇಕ್ಕಟ್ಟಾದ ಅಂಗಳದಲ್ಲಿ ಆರಂಭದಲ್ಲೇ ಹಿಂದೆ ಬಿದ್ದವರು ಮುಂದಿನವರ ಹಾಯಿಯಿಂದ ಕದಡಿದ ಗಾಳಿಯಲ್ಲಿ ಸಿಲುಕಿ, ಮೇಲೇಳಲು ಜಾಗವನ್ನೇ ಕಾಣರು. ಕ್ರಮ ಅಂತಾರಾಷ್ಟ್ರೀಯ ನಿಯಮಾವಳಿಯದೇ: ಐದು ನಿಮಿಷ ಮೊದಲು ವರ್ಗದ ಧ್ವಜ, ನಾಲ್ಕು ನಿಮಿಷಕ್ಕೆ ನೀಲಿಯ ನಡುವೆ ಬಿಳಿ ಚೌಕವಿರುವ ಧ್ವಜ, ಒಂದು ನಿಮಿಷಕ್ಕೆ ಅದರ ಇಳಿತ, ಸೊನ್ನೆಗೆ ಓಟ. ಸೀಟಿಯ ಸದ್ದು ಗಾಳಿಯಲ್ಲಿ ಕೇಳಿಸದಿದ್ದರೂ ಧ್ವಜವೇ ಪ್ರಮಾಣ.

ಆರು ಲೇಸರ್ ದೋಣಿಗಳಿಗೆ ಸುಮಾರು 38 ಮೀಟರ್ ಉದ್ದದ ಆರಂಭದ ಗೆರೆ ಸಾಕು, 4.2 ಮೀಟರಿನ ದೋಣಿಯ ಉದ್ದವನ್ನು ಆರರಿಂದ ಗುಣಿಸಿ, ಅದನ್ನು ಒಂದೂವರೆ ಪಟ್ಟು ಮಾಡಿದರೆ ಬರುವ ಲೆಕ್ಕವಿದು. ಗೆರೆ ಗಾಳಿಗೆ ನೇರ ಅಡ್ಡವಾಗಿದೆಯೇ ಎಂದು ತಿಳಿಯಲು ಹುಡುಗರು ಗೆರೆಯ ನಡುವೆ ಹೋಗಿ, ದೋಣಿಯ ಮೂತಿಯನ್ನು ಗಾಳಿಗೆ ಒಡ್ಡಿ ನಿಲ್ಲಿಸಬೇಕು. ಮೂತಿ ಯಾವ ತುದಿಯ ಕಡೆ ವಾಲುತ್ತದೆಯೋ ಆ ತುದಿ ಲಾಭದ್ದು. ನೂರು ಮೀಟರಿನ ಗೆರೆ ಹತ್ತು ಡಿಗ್ರಿ ಓರೆಯಾಗಿದ್ದರೂ ಒಂದು ತುದಿಯವರು ಇನ್ನೊಂದು ತುದಿಯವರಿಗಿಂತ ಸುಮಾರು 17 ಮೀಟರ್ ಮುಂದಿರುತ್ತಾರೆ ಎಂದು ದಂಡೆಯ ಮಣ್ಣಿನಲ್ಲಿ ಗೆರೆ ಎಳೆದು ತೋರಿಸಿದಾಗ, ಗಣಿತ ಎಂದರೆ ಮುಖ ತಿರುಗಿಸುತ್ತಿದ್ದ ಹುಡುಗಿಯೊಬ್ಬಳು ತಾನೇ ಕಡ್ಡಿ ಹಿಡಿದು ಐದು ಡಿಗ್ರಿಗೆ ಎಷ್ಟಾಗುತ್ತದೆಂದು ಲೆಕ್ಕ ಹಾಕಿದಳು. ಆ ವಾರದ ಆರಂಭಗಳಲ್ಲಿ ಹೆಚ್ಚಿನವನ್ನು ಗೆದ್ದವಳೂ ಅವಳೇ. ಕಡಲಿಲ್ಲದ ಊರಿನವರಿಗೆ ಈ ಆಟವೇಕೆ ಎಂದು ಕೇಳುವವರಿಗೆ ನಾನು ಮಧ್ಯಪ್ರದೇಶದ ದೇವಾಸ್ ಕಡೆಯ ರೈತನ ಮಗಳು ನೇಹಾ ಠಾಕೂರ್ ಹೆಸರು ಹೇಳುತ್ತೇನೆ. ಭೋಪಾಲದ ಕೆರೆಯಲ್ಲಿ ಕಲಿತ ಆಕೆ, 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇದೇ ಲೇಸರ್ ಒಡಲಿನ ಚಿಕ್ಕ ಹಾಯಿಯ ವರ್ಗದಲ್ಲಿ ಬೆಳ್ಳಿ ಗೆದ್ದಳು.

ಗುರುತಿನ ಬುರುಡೆಗಳನ್ನು, ಎಂದರೆ ನಾವು ಬಳಸುವ ಹಳದಿ ಡ್ರಮ್ಮುಗಳನ್ನು, ನೆಲೆ ನಿಲ್ಲಿಸುವುದಕ್ಕೂ ಒಂದು ಉಪಾಯ ಬೇಕಾಯಿತು. ನೀರು ಇಳಿದಂತೆ ಲಂಗರಿನ ಹಗ್ಗ ಸಡಿಲವಾಗಿ ಡ್ರಮ್ಮು ಅಲೆದಾಡುತ್ತದೆ. ಡ್ರಮ್ಮಿನ ಕೆಳಗೆ ಉಂಗುರವೊಂದನ್ನು ಕಟ್ಟಿ, ಹಗ್ಗವನ್ನು ಅದರೊಳಗಿಂದ ಹಾಯಿಸಿ, ಬಿಡಿ ತುದಿಗೆ ಲಂಗರಿಗಿಂತ ಹಗುರವಾದ ಭಾರ ಕಟ್ಟಿದರೆ, ಹೆಚ್ಚಾದ ಹಗ್ಗವನ್ನು ಆ ಭಾರವೇ ಕೆಳಗೆಳೆದು ಬಿಗಿಯಾಗಿರಿಸುತ್ತದೆ.

ನೋಟ್‌ಬುಕ್ಕಿನ ಪ್ರಕಾರ ನದಿಯ ಪಾತ್ರದಲ್ಲೂ 7 ಮೀಟರ್ ಸಿಗದ ದಿನ, ಅಥವಾ ಭರಣಿ ಮಳೆ ಸತತವಾಗಿ ಮಧ್ಯಾಹ್ನಗಳನ್ನು ಕಸಿದುಕೊಳ್ಳತೊಡಗಿದ ದಿನ, ಯಾವುದು ಮೊದಲೋ ಅಂದು ಹಂಗಾಮು ಮುಗಿಯುತ್ತದೆ. ಆದರೆ ಮುಂದಿನ ವಸಂತದ ಕೆಲಸ ಆರಂಭವಾಗುವುದೂ ಆಗಲೇ. ಮೇ ತಿಂಗಳಲ್ಲಿ ನೀರು ತೀರಾ ತಗ್ಗಿದಾಗ ಗೋಡೆ, ಕಟ್ಟೆ, ಬೊಡ್ಡೆಗಳೆಲ್ಲ ಒಣನೆಲದ ಮೇಲೆ ಬಯಲಾಗಿ ನಿಂತಿರುತ್ತವೆ. ಗೌಂಡಿಗಳು ಬಳಸುವ ನೀರು ತುಂಬಿದ ಲೆವೆಲ್ ಪೈಪ್ ಹಿಡಿದು, ಹುಡುಗರೊಂದಿಗೆ ನೀರಿನ ಅಂಚಿನಿಂದ ಒಂದೊಂದೇ ಗೋಡೆಯವರೆಗೆ ನಡೆದು, ಆ ದಿನದ ಜಲಾಶಯದ ಮಟ್ಟಕ್ಕೆ ಗೋಡೆಯ ಎತ್ತರವನ್ನು ಕೂಡಿಸಿ ಬರೆದುಕೊಳ್ಳುತ್ತೇವೆ. ತೆಪ್ಪದಿಂದ ಹಗ್ಗ ಇಳಿಬಿಟ್ಟು ಅಳೆದ ಅಂಕಿಗಿಂತ ಇದು ನಿಖರ. ಹಳೆಯ ಅಂಕಿಗಳನ್ನು ಹೊಡೆದುಹಾಕಿ, ಅವುಗಳ ಪಕ್ಕದಲ್ಲಿ ಹೊಸವನ್ನು ಶಾಯಿಯಲ್ಲಿ ಬರೆಯುತ್ತೇವೆ.